ಮಗ್ಗಿಯೂ ಹುಣಸೆಬೀಜವೂ

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯನ್ನು ಹೊಕ್ಕವರಿಗೆ ಮೊದಲು ಬರುವುದು ಸೀನು. ಕಣ್ಣಿಗೆ ಬೀಳುವುದು ಚೀಲಚೀಲಗಳ ಕೆಂಪು. ಸ್ವಲ್ಪ ಹೊತ್ತು ನಿಂತರೆ ಕಿವಿಯ ಮೇಲೆ ಬೀಳುವುದೆಲ್ಲ ಅಂಕಿಗಳೇ. ಈ ಮೆಣಸಿನಕಾಯಿಯಲ್ಲಿ ಖಾರ ಕಡಿಮೆ, ಬಣ್ಣ ಹೆಚ್ಚು. ಆ ಬಣ್ಣದಿಂದಲೇ ಅದು ದೂರದೂರಕ್ಕೆ ಹೆಸರಾಯಿತು; 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯನ್ನೂ ಪಡೆಯಿತು. ಆದರೆ ಬಣ್ಣ ಎಷ್ಟೇ ಚೆನ್ನಾಗಿದ್ದರೂ ರೈತನ ಕೈಗೆ ಕೊನೆಯಲ್ಲಿ ಬರುವುದು ಒಂದು ಚೀಟಿ. ತೂಕ, ದರ, ಕಡಿತ, ಉಳಿದ ಮೊತ್ತ ಎಲ್ಲವೂ ಅದರಲ್ಲಿರುತ್ತವೆ. ಅದನ್ನು ಓದಿ ಸರಿಯೋ ತಪ್ಪೋ ಎಂದು ತಿಳಿಯಬಲ್ಲವನಿಗೂ, ಮಡಚಿ ಹಾಗೆಯೇ ಜೇಬಿಗಿಡುವವನಿಗೂ ಇರುವ ಅಂತರ ಎಷ್ಟೋ ವರ್ಷಗಳ ಹಿಂದೆ, ಪ್ರಾಥಮಿಕ ಶಾಲೆಯ ಮೊದಲ ತರಗತಿಗಳಲ್ಲಿಯೇ ಹುಟ್ಟಿರುತ್ತದೆ.

ಆದುದರಿಂದ ಈ ಸೀಮೆಯ ತಂದೆತಾಯಿಗಳು ಲೆಕ್ಕದ ಪಾಠವನ್ನು ಕುರಿತು ವಾದಕ್ಕೆ ನಿಲ್ಲುವುದು ಆಶ್ಚರ್ಯವಲ್ಲ. ಒಂದನೆಯ ತರಗತಿಯ ಬಾಗಿಲಲ್ಲಿ ಇಣುಕಿ ನೋಡಿದ ತಂದೆಗೆ ಮಕ್ಕಳು ನೆಲದ ಮೇಲೆ ವೃತ್ತಾಕಾರವಾಗಿ ಕುಳಿತು ಹುಣಸೆಬೀಜಗಳನ್ನು ಎಣಿಸುತ್ತಿರುವುದು ಕಾಣುತ್ತದೆ. ಕಡ್ಡಿಗಳನ್ನು ಕಟ್ಟುವವರು ಕೆಲವರು, ಚಿತ್ರದ ಕಾರ್ಡುಗಳನ್ನು ಹಿಡಿದವರು ಕೆಲವರು. ಬಾಯಿಪಾಠದ ಧ್ವನಿಯೇ ಇಲ್ಲ. "ಮಗ್ಗಿ ಯಾವಾಗ ಕಲಸ್ತೀರ್ರಿ, ಅಕ್ಕಾರ?" ಎಂದು ಆತ ಕೇಳಿದರೆ ಆ ಪ್ರಶ್ನೆಯಲ್ಲಿ ಕುತೂಹಲಕ್ಕಿಂತ ಅಸಮಾಧಾನವೇ ಹೆಚ್ಚಾಗಿರುತ್ತದೆ. ಮನೆಯ ಹತ್ತಿರದ ಖಾಸಗಿ ಶಾಲೆಯ ಮಗು ಇಂಗ್ಲಿಷಿನಲ್ಲಿ ಟೇಬಲ್ಸ್ ಒಪ್ಪಿಸುವುದನ್ನು ಕೇಳಿ ಬಂದ ತಾಯಿಯ ಚಿಂತೆಯೂ ಅದೇ. ಇನ್ನು ಕೆಲವರು, ಅವರಲ್ಲಿ ಹೆಚ್ಚಿನವರು ತಾವೇ ಹೈಸ್ಕೂಲಿನವರೆಗೆ ಓದಿದವರು, ಇದಕ್ಕೆ ವಿರುದ್ಧವಾಗಿ ಮಾತನಾಡುತ್ತಾರೆ: ತಾವು ಮಗ್ಗಿಯನ್ನು ಬೆತ್ತದ ಭಯದಿಂದ ಕಲಿತೆವು, ಲೆಕ್ಕವೆಂದರೆ ಇಂದಿಗೂ ಮೈ ನಡುಗುತ್ತದೆ, ಮಕ್ಕಳಿಗೆ ಆ ಗತಿ ಬೇಡ ಎನ್ನುತ್ತಾರೆ.

ನೆಲದ ಮೇಲೆ ಬೀಜ ಹರಡಿ ಕಲಿಸುವ ಈ ಕ್ರಮಕ್ಕೆ 'ನಲಿ-ಕಲಿ' ಎಂದು ಹೆಸರು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಆಂಧ್ರಪ್ರದೇಶದ ಋಷಿ ಕಣಿವೆಯ ಹಳ್ಳಿಶಾಲೆಗಳನ್ನು ಕಂಡುಬಂದ ಶಿಕ್ಷಕರು ಯುನಿಸೆಫ್ ನೆರವಿನಿಂದ ಇದನ್ನು ರೂಪಿಸಿದರು. 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳಗಿನ ತರಗತಿಗಳಿಗೆಲ್ಲ ಇದು ವಿಸ್ತರಿಸಿತು. ಪಾಠ ಒಂದು ಏಣಿಯಂತೆ. ಪ್ರತಿಯೊಂದು ಮಗುವೂ ತನ್ನ ಶಕ್ತಿಗೆ ತಕ್ಕಂತೆ ಒಂದೊಂದು ಮೆಟ್ಟಿಲನ್ನು ಏರುತ್ತದೆ. ಮೇಲಿನ ತರಗತಿಗಳಿಗೆ 'ಗಣಿತ ಕಲಿಕಾ ಆಂದೋಲನ'ದ ಪೆಟ್ಟಿಗೆಗಳು ಬಂದವು. ಮಣಿಕಟ್ಟು, ಹತ್ತರ ಘನಗಳು, ಭಿನ್ನರಾಶಿಯ ತುಂಡುಗಳು, ಆಟದ ನೋಟುಗಳು ಅವುಗಳಲ್ಲಿರುತ್ತವೆ.

ಹಳೆಯದೆಲ್ಲ ಕುರುಡು ಬಾಯಿಪಾಠ, ಹೊಸದೆಲ್ಲ ತಿಳಿವಳಿಕೆ ಎಂದು ಹೇಳುವವರು ಹಳೆಯದನ್ನು ಸರಿಯಾಗಿ ನೋಡಿಲ್ಲ. ಇಂದಿನ ಹಾವೇರಿ ಜಿಲ್ಲೆ 1997ರವರೆಗೆ ಧಾರವಾಡ ಜಿಲ್ಲೆಯ ಭಾಗವಾಗಿತ್ತು. 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿತ್ತು. ಆ ಕಾಲದ ಹುಡುಗರು ಎರಡರಿಂದ ಮೊದಲುಗೊಂಡ ಮಗ್ಗಿಯ ಜೊತೆಗೆ ಕಾಲು, ಅರೆ, ಮುಕ್ಕಾಲು, ಒಂದೂಕಾಲು, ಒಂದೂವರೆಗಳ ಮಗ್ಗಿಯನ್ನೂ ಒಪ್ಪಿಸಬೇಕಾಗಿತ್ತು. ಇದು ಹಿಂಸೆಯೆಂದು ಇಂದು ತೋರಬಹುದು. ಆದರೆ ಆಗ ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಒಂದು ವಸ್ತುವಿಗೆ 1 ರೂಪಾಯಿ 4 ಆಣೆಯಾದರೆ ಏಳಕ್ಕೆ ಎಷ್ಟು? ಒಂದೂಕಾಲರ ಮಗ್ಗಿ ಬಲ್ಲ ಹುಡುಗ ಎಂಟೂಮುಕ್ಕಾಲು, ಅಂದರೆ 8 ರೂಪಾಯಿ 12 ಆಣೆ ಎಂದು ಚೀಲ ಕೆಳಗಿಳಿಯುವ ಮೊದಲೇ ಹೇಳುತ್ತಿದ್ದ. ಆ ಮಗ್ಗಿ ಸಂತೆಯಿಂದಲೇ ಶಾಲೆಗೆ ಬಂದದ್ದು. 1957ರ ಏಪ್ರಿಲ್ 1ರಂದು ರೂಪಾಯಿಗೆ 100 ನಯೇಪೈಸೆ ಎಂದಾದಾಗ ಅದರ ಕೆಲಸ ಮುಗಿಯಿತು. ಅದಕ್ಕೂ ಬಹಳ ಹಿಂದೆ, 12ನೆಯ ಶತಮಾನದಲ್ಲಿ, ರಾಜಾದಿತ್ಯನು ಕನ್ನಡದಲ್ಲಿ ಗಣಿತಗ್ರಂಥ ರಚಿಸಿ ಅದಕ್ಕೆ 'ವ್ಯವಹಾರಗಣಿತ' ಎಂದು ಹೆಸರಿಟ್ಟದ್ದೂ ಲೆಕ್ಕಕ್ಕೂ ಜೀವನಕ್ಕೂ ಇರುವ ಈ ನಂಟನ್ನೇ ಸೂಚಿಸುತ್ತದೆ.

ಹಾಗೆಂದು ಮಗ್ಗಿಯೊಂದೇ ಸಾಕೆನ್ನುವುದೂ ಸರಿಯಲ್ಲ. 43ರಲ್ಲಿ 17ನ್ನು ಕಳೆಯೆಂದರೆ 34 ಎಂದು ಬರೆಯುವ ಮಕ್ಕಳು ಎಲ್ಲ ಶಾಲೆಗಳಲ್ಲಿಯೂ ಉಂಟು. ಮೂರರಲ್ಲಿ ಏಳು ಹೋಗದು. ಆದ್ದರಿಂದ ಮಗು ಏಳರಲ್ಲಿ ಮೂರನ್ನು ಕಳೆದು ನಾಲ್ಕು ಬರೆದುಬಿಡುತ್ತದೆ. ದೊಡ್ಡ ಅಂಕಿಯಲ್ಲಿ ಸಣ್ಣದನ್ನು ಕಳೆಯಬೇಕೆಂಬುದನ್ನು ಅದು ನಿಷ್ಠೆಯಿಂದ ಪಾಲಿಸಿದೆ! ಗದರಿಸಿದರೆ ಆ ಲೆಕ್ಕ ಸರಿಹೋದೀತು, ಮರುದಿನದ್ದು ಮತ್ತೆ ತಪ್ಪುತ್ತದೆ. ಅದೇ ಮಗುವಿನ ಮುಂದೆ ಹತ್ತು ಹತ್ತು ಕಡ್ಡಿಗಳ ನಾಲ್ಕು ಕಟ್ಟುಗಳನ್ನೂ ಮೂರು ಬಿಡಿ ಕಡ್ಡಿಗಳನ್ನೂ ಇಟ್ಟು ಹದಿನೇಳನ್ನು ತೆಗೆದುಕೊಡು ಎನ್ನಬೇಕು. ಮಗು ಏಳು ಬಿಡಿ ಕಡ್ಡಿಗಳಿಗಾಗಿ ತಡಕುತ್ತದೆ. ಸಿಗದೆ ಒಂದು ಕಟ್ಟನ್ನು ತಾನೇ ಬಿಚ್ಚುತ್ತದೆ. ಈಗ ಬಿಡಿಯಾಗಿ ಹದಿಮೂರು. ಏಳು ಹೋದರೆ ಆರು, ಉಳಿದ ಮೂರು ಕಟ್ಟುಗಳಲ್ಲಿ ಒಂದು ಹೋದರೆ ಎರಡು: ಇಪ್ಪತ್ತಾರು. 'ಎರವಲು ತರುವುದು' ಎಂದರೇನೆಂಬುದು ಆ ಕಟ್ಟು ಬಿಚ್ಚಿದ ಕೈಗೆ ಗೊತ್ತಾಗಿರುತ್ತದೆ. ಅಜ್ಜಿಯರ ಅಳಿಗುಳಿಮಣೆಯೂ ಮನೆಯಲ್ಲಿ ಇದೇ ಕೆಲಸವನ್ನು ಮಾಡುತ್ತಿತ್ತು. ಅದನ್ನು ಯಾರೂ ನೂತನ ಪದ್ಧತಿಯೆಂದು ಕರೆಯಲಿಲ್ಲ, ಅಷ್ಟೇ.

ಆದರೆ ಮಗು ಎಷ್ಟು ಕಾಲ ಕಡ್ಡಿಯನ್ನು ಹಿಡಿದಿರಬೇಕು? ಪಾಲಕರ ಆಕ್ಷೇಪ ಇಲ್ಲಿ ನ್ಯಾಯವಾದದ್ದು. ಆರು ಸಾಲು, ಸಾಲಿಗೆ ಏಳು ಬೀಜ ಜೋಡಿಸಿ ನಲವತ್ತೆರಡನ್ನು ಕಂಡುಕೊಂಡ ಮಗು ಅಲ್ಲಿಯೇ ನಿಲ್ಲಬಾರದು. ಕೆಲವು ದಿನಗಳಲ್ಲಿ 'ಆರೇಳ್ಲ ನಲವತ್ತೆರಡು' ಅದರ ನಾಲಗೆಯ ಮೇಲೆ ಬರಬೇಕು. ಐದನೆಯ ತರಗತಿಯಲ್ಲಿ ಭಾಗಾಕಾರ ಮಾಡುವಾಗಲೂ ಬೆರಳು ಮಡಿಸಿ ಎಣಿಸುವ ಹುಡುಗಿಯ ಗಮನವೆಲ್ಲ ಎಣಿಕೆಯಲ್ಲೇ ಕಳೆದುಹೋಗಿ ಲೆಕ್ಕದ ದಾರಿಯೇ ತಪ್ಪುತ್ತದೆ. ಒಬ್ಬರೇ ಶಿಕ್ಷಕಿ ಎರಡು ಮೂರು ತರಗತಿಗಳನ್ನು ಒಂದೇ ಕೋಣೆಯಲ್ಲಿ ನಡೆಸಬೇಕಾದಲ್ಲಿ ಹೀಗಾಗುವ ಸಂಭವ ಹೆಚ್ಚು. ಬೀಜಗಳನ್ನು ಹರಡುವ ಕೆಲಸ ನಡೆಯುತ್ತದೆ, ಅವುಗಳನ್ನು ಬಿಟ್ಟು ಮೇಲೇರುವ ಕೆಲಸ ಉಳಿದುಬಿಡುತ್ತದೆ. ಅದು ಪದ್ಧತಿಯ ದೋಷವಲ್ಲವೆಂದು ಮೇಲಿನವರು ಹೇಳಬಹುದು. ಆದರೆ ಅದರಿಂದ ಆ ಮಗುವಿಗೆ ಬಂದ ಲಾಭವೇನು?

ಅಮೆರಿಕದಲ್ಲಿಯೂ ಇಂಥದೊಂದು ಪ್ರಸಂಗ ನಡೆಯಿತು. 1957ರಲ್ಲಿ ಸೋವಿಯತ್ ದೇಶ ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿದಾಗ ತಾವು ಹಿಂದೆ ಬಿದ್ದೆವೆಂದು ಅಲ್ಲಿನವರು ಗಾಬರಿಗೊಂಡು 'ನವಗಣಿತ'ವನ್ನು ಶಾಲೆಗಳಲ್ಲಿ ಅವಸರದಿಂದ ಹಬ್ಬಿಸಿದರು. ಚಿಕ್ಕ ಮಕ್ಕಳಿಗೆ ಗಣಗಳ ಸಿದ್ಧಾಂತ, ಹತ್ತನ್ನು ಬಿಟ್ಟು ಬೇರೆ ಮೂಲಗಳ ಸಂಖ್ಯಾಪದ್ಧತಿ! ಮನೆಪಾಠ ನೋಡಿದ ತಂದೆತಾಯಿಗಳಿಗೆ ಒಂದಕ್ಷರವೂ ಅರ್ಥವಾಗಲಿಲ್ಲ. 1973ರಲ್ಲಿ ಮಾರಿಸ್ ಕ್ಲೈನ್ ಎಂಬ ಗಣಿತಜ್ಞರೇ ಅದನ್ನು ಖಂಡಿಸಿ ಪುಸ್ತಕ ಬರೆದರು. ಆ ದಶಕದಲ್ಲಿಯೇ ಶಾಲೆಗಳು ಕೂಡು-ಕಳೆಗಳಿಗೆ ಹಿಂದಿರುಗತೊಡಗಿದವು. ನಲಿ-ಕಲಿಯ ಬೀಜ, ಕಡ್ಡಿಗಳು ನವಗಣಿತದಷ್ಟು ದೂರದ ವಸ್ತುಗಳಲ್ಲ. ಆದರೂ ಪಾಲಕರಿಗೆ ತಿಳಿಯದ ಪದ್ಧತಿ ಮನೆಯ ಬೆಂಬಲವನ್ನು ಕಳೆದುಕೊಳ್ಳುತ್ತದೆಂಬುದು ಎರಡು ಕಡೆಯೂ ನಿಜ.

ಹಾಗಾದರೆ ಮಗು ಲೆಕ್ಕ ಕಲಿಯಿತೆಂದು ತಿಳಿಯುವ ಬಗೆ ಯಾವುದು? ಮಗ್ಗಿಯ ವೇಗವನ್ನು ಪಾಲಕರು ಅಳೆಯುತ್ತಾರೆ. ಏರಿದ ಮೆಟ್ಟಿಲುಗಳನ್ನು ಶಾಲೆ ಅಳೆಯುತ್ತದೆ. ಇವೆರಡಕ್ಕಿಂತ ಉತ್ತಮವಾದ ಪರೀಕ್ಷೆ ಇನ್ನೊಂದುಂಟು: ತಪ್ಪು ಉತ್ತರವನ್ನು ಮುಂದಿಟ್ಟಾಗ ಮಗುವಿಗೆ ಅದು ತಪ್ಪೆಂದು ತೋರುತ್ತದೆಯೇ? ಬ್ಯಾಡಗಿಯಲ್ಲಿ ಕ್ವಿಂಟಲಿಗೆ 12,000 ರೂಪಾಯಿ ದರವಿದೆಯೆಂದು ಇಟ್ಟುಕೊಂಡರೆ 38 ಕಿಲೋ ತೂಗಿದ ಚೀಲಕ್ಕೆ 4,560 ರೂಪಾಯಿ. ಚೀಟಿಯಲ್ಲಿ ಕೈತಪ್ಪಿನಿಂದ 4,650 ಎಂದಿದ್ದರೆ? ಕಿಲೋಗೆ 120, ನಲವತ್ತು ಕಿಲೋ ಆಗಿದ್ದರೆ 4,800, ಎರಡು ಕಡಿಮೆಯಾದ್ದರಿಂದ 240 ತೆಗೆಯಬೇಕು ಎಂದು ಯೋಚಿಸುವ ಹುಡುಗ ಕೂಡಲೇ ನಿಲ್ಲುತ್ತಾನೆ. ನಾಲ್ಕು ಹನ್ನೆರಡು ನಲವತ್ತೆಂಟೆಂಬುದು ಮಗ್ಗಿಯ ದಾನ. ಮೂವತ್ತೆಂಟು ನಲವತ್ತರ ನೆರೆಯಲ್ಲಿದೆಯೆಂಬ ಅರಿವು ಕಡ್ಡಿಕಟ್ಟಿನ ದಾನ. ಒಂದಿಲ್ಲದಿದ್ದರೆ ಇನ್ನೊಂದು ಆ ಹೊತ್ತಿನಲ್ಲಿ ಕೈಕೊಡುತ್ತದೆ. ಮೆಣಸಿನಕಾಯಿಯ ತೊಟ್ಟು ಬಿಡಿಸಿ ಕಿಲೋ ಲೆಕ್ಕದಲ್ಲಿ ಕೂಲಿ ಪಡೆಯುವ ತಾಯಿಗೆ, ರಾಣೇಬೆನ್ನೂರಿನ ಸುತ್ತ ಬೀಜೋತ್ಪಾದನೆಯ ಹೊಲದಲ್ಲಿ ದುಡಿಯುವವನಿಗೆ, ಹಾವೇರಿಯಲ್ಲಿ ಏಲಕ್ಕಿಹಾರದ ಎಳೆಗಳನ್ನು ಸಮಮಾಡುವವನಿಗೆ ಬೇಕಾದುದು ಇಂಥ ಲೆಕ್ಕವೇ.

ಈ ಮಾತನ್ನು ಪಾಲಕರಿಗೆ ಭಾಷಣದಿಂದ ತಿಳಿಸಲಾಗದು. ರಾಜ್ಯದ ಅನೇಕ ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳಿಗೆ ಗಣಿತ ಸ್ಪರ್ಧೆಗಳು ನಡೆದಿವೆ. ಊರವರ ಎದುರಿಗೇ ಮಕ್ಕಳು ಲೆಕ್ಕ ಮಾಡುತ್ತಾರೆ. ಅದು ಒಳ್ಳೆಯ ದಾರಿ. ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಶಾಲೆಯ ಸಭೆಗೆ ಬಂದ ತಂದೆತಾಯಿಗಳನ್ನೂ ನೆಲದ ಮೇಲೆ ಕೂರಿಸಿ, ನಾಲ್ಕು ಕಟ್ಟು ಮೂರು ಕಡ್ಡಿಗಳನ್ನು ಅವರ ಮುಂದಿಟ್ಟು ಹದಿನೇಳನ್ನು ಕೇಳಬೇಕು. ಆಮೇಲೆ ಮಕ್ಕಳಿಂದ ಮಗ್ಗಿ ಹೇಳಿಸಬೇಕು. ಹೇಳಲು ಬಾರದಿದ್ದರೆ ಶಿಕ್ಷಕರು ಅದನ್ನು ಮರೆಮಾಚಬಾರದು. ಸಭೆ ಮಾತ್ರ ಸಂಜೆಯ ಹೊತ್ತಿನಲ್ಲಿ, ಮೆಣಸಿನಕಾಯಿಯ ಹಂಗಾಮು ಮುಗಿದ ಮೇಲೆ ನಡೆಯಬೇಕು. ಹಂಗಾಮಿನ ಹಗಲಿನಲ್ಲಿ ಕರೆದರೆ, ಈ ಸಂದೇಹ ಯಾರಿಗೆ ಹೆಚ್ಚಾಗಿದೆಯೋ ಅವರೆಲ್ಲ ಮಾರುಕಟ್ಟೆಯಲ್ಲಿರುತ್ತಾರೆ.