ಸಾಕಿದ ಜೇಡ ತಪ್ಪಿಸಿಕೊಂಡರೆ ತಪ್ಪು ಯಾರದು?

ಬೆಕ್ಕು, ಮೊಲ, ಲವ್ ಬರ್ಡ್ಸ್, ಅಕ್ವೇರಿಯಂ ಮೀನು. ನಮ್ಮ ಮನೆಗಳ ಸಾಕುಪ್ರಾಣಿಗಳ ಪಟ್ಟಿ ಸಾಮಾನ್ಯವಾಗಿ ಇಲ್ಲಿಗೇ ಮುಗಿಯುತ್ತಿತ್ತು. ಈಗ ಕಾಲೇಜಿಗೆ ಹೋಗುವ ಕೆಲವು ಹುಡುಗರ ಕೋಣೆಯಲ್ಲಿ ಜೇಡವೂ ಬಂದು ಕೂತಿದೆ. ಗೋಡೆಯ ಮೂಲೆಯಲ್ಲಿ ಬಲೆ ಕಟ್ಟುವ ಬಡಪಾಯಿ ಜೇಡವಲ್ಲ. ಅಂಗೈಯಗಲದ, ಮೈಯೆಲ್ಲ ರೋಮವಿರುವ ತರಾಂಟುಲಾ. ಇಂಥದ್ದನ್ನು ಮನೆಯಲ್ಲಿ ಇಡಬೇಕೇ ಬೇಡವೇ ಎಂಬ ಮಾತಿಗೆ ಕೊನೆಯಲ್ಲಿ ಬರುತ್ತೇನೆ. ಅದಕ್ಕೂ ಮೊದಲು, ಇಟ್ಟವರ ಮನೆಯಲ್ಲಿ ನಾನು ಕಣ್ಣಾರೆ ಕಂಡದ್ದನ್ನು ಹೇಳಬೇಕು.

ಕಳೆದ ಚಳಿಗಾಲದಲ್ಲಿ ಬೆಂಗಳೂರಿನಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ಎರಡು ಬೆಡ್‌ರೂಮಿನ ಫ್ಲ್ಯಾಟ್. ಅಕ್ಕನ ಮಗ ಎಂಜಿನಿಯರಿಂಗ್ ಓದುತ್ತಾನೆ. ಅವನು ಗೆಳೆಯನಿಂದ ಕೊಂಡುಕೊಂಡ ಜೇಡವೊಂದು ಅಡುಗೆಮನೆಯ ಪ್ಲಾಸ್ಟಿಕ್ ಡಬ್ಬದಲ್ಲಿ ಅವನ ಓದುವ ಮೇಜಿನ ಮೇಲಿತ್ತು. ಮೆಕ್ಸಿಕೋ ಮೂಲದ್ದು, ಕಾಲಿನ ಗಂಟುಗಳಲ್ಲಿ ಕೆಂಪುಮಿಶ್ರಿತ ಕಿತ್ತಳೆ ಬಣ್ಣ. ಮುಚ್ಚಳಕ್ಕೆ ಕಾಸಿದ ಸೂಜಿಯಿಂದ ತೂತು ಮಾಡಿದ್ದ. ಮುಚ್ಚಳ ಸಡಿಲವಾಗಿದ್ದರಿಂದ ಒಂದು ರಬ್ಬರ್ ಬ್ಯಾಂಡ್ ಸುತ್ತಿದ್ದ. "ಏನೂ ಆಗಲ್ಲ ಖಾಲಾ, ಅದು ತುಂಬಾ ಸಾಧು" ಎಂದು ನನಗೇ ಧೈರ್ಯ ಹೇಳಿದ.

ಅವನ ಮಾತು ಸುಳ್ಳಲ್ಲ. ಆ ಜಾತಿಯ ಜೇಡ ಸಾಧುವೇ. ಆದರೆ ರಬ್ಬರ್ ಬ್ಯಾಂಡ್ ಹಳೆಯದಾಗಿತ್ತು. ಮೂರನೆಯ ದಿನ ಸಂಜೆ ಅವನು ಕಾಲೇಜಿನಿಂದ ಬಂದಾಗ ಬ್ಯಾಂಡ್ ತುಂಡಾಗಿ ಮೇಜಿನ ಮೇಲೆ ಬಿದ್ದಿತ್ತು, ಡಬ್ಬ ಖಾಲಿಯಾಗಿತ್ತು.

ಆ ರಾತ್ರಿ ಮನೆಯಲ್ಲಿ ಯಾರೂ ಸರಿಯಾಗಿ ಮಲಗಲಿಲ್ಲ. ಅಕ್ಕನ ಅತ್ತೆಗೆ ಅಸ್ತಮಾ. ಅವರು ಕಾಲು ಮೇಲೆತ್ತಿಕೊಂಡು ಮಂಚದ ಮೇಲೇ ಕುಳಿತಿದ್ದರು. ಫಜ್ರ್ ನಮಾಝಿಗೆ ಎದ್ದಾಗ ಅಕ್ಕ ಮುಸಲ್ಲಾವನ್ನು ಮೂರು ಸಲ ಕೊಡವಿ ಹಾಸಿಕೊಟ್ಟಳು. ವಿಷಯ ಎಲ್ಲರಿಗೂ ಗೊತ್ತಿತ್ತು, ಒಬ್ಬರನ್ನು ಬಿಟ್ಟು. ಬೆಳಿಗ್ಗೆ ಮನೆಗೆಲಸಕ್ಕೆ ಬರುವ ಹೆಂಗಸಿಗೆ ಯಾರೂ ಹೇಳಲಿಲ್ಲ. ಹೇಳಿದರೆ ಕೆಲಸ ಬಿಟ್ಟು ಹೋದಾರು ಎಂಬ ಅಂಜಿಕೆ. ಬಟ್ಟೆ ಒಗೆಯುವ ಜಾಗದಲ್ಲಿ ಒದ್ದೆ ಬಟ್ಟೆಯ ರಾಶಿಗೆ ಆಕೆ ಕೈ ಹಾಕಿದರು. ಕಿರುಚಾಟ ಕೇಳಿ ನಾವು ಓಡುವಷ್ಟರಲ್ಲಿ ಪೊರಕೆಯ ಏಟಿಗೆ ಜೇಡ ಸತ್ತಿತ್ತು. ಅದು ಕಚ್ಚಿರಲಿಲ್ಲ. ಆದರೆ ಆಕೆಯ ಕೈಯಲ್ಲಿ ಮೊಣಕೈವರೆಗೆ ಕೆಂಪು ಗುಳ್ಳೆಗಳೆದ್ದವು. ತುರಿಕೆ ಇಳಿಯಲು ಒಂದು ವಾರ ಹಿಡಿಯಿತು. ಹುಡುಗ ಸತ್ತ ಜೇಡವನ್ನು ನೋಡಿ ಅತ್ತ. ಆಕೆಯ ಕೈ ನೋಡಿ ತಲೆ ತಗ್ಗಿಸಿದ.

ಅಂದಿನಿಂದ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ತಪ್ಪಿಸಿಕೊಳ್ಳುವುದು ಜೇಡದ ಸ್ವಭಾವ, ತಡೆಯುವುದು ಸಾಕಿದವನ ಹೊಣೆ. ಆ ಹೊಣೆಗೆ ಎರಡು ಮುಖಗಳಿವೆ. ಒಂದು, ಆ ಮನೆಯ ಹೊಸ್ತಿಲು ದಾಟುವ ಪ್ರತಿಯೊಬ್ಬರ ಕಡೆಗೆ. ಇನ್ನೊಂದು, ಡಬ್ಬದೊಳಗಿನ ಮೂಕಜೀವಿಯ ಕಡೆಗೆ.

ಹೊರಬರುವುದು ಹೇಗೆ?

ತರಾಂಟುಲಾ ರಾತ್ರಿ ಚುರುಕಾಗುವ ಜೀವಿ. ಅದರ ಪಾದಗಳ ತುದಿಯಲ್ಲಿ ಅತಿ ಸೂಕ್ಷ್ಮ ರೋಮಗಳ ಮೆತ್ತೆಯಿದೆ. ಅದರ ಬಲದಿಂದ ನುಣ್ಣನೆಯ ಗಾಜನ್ನೂ ಪ್ಲಾಸ್ಟಿಕ್ಕನ್ನೂ ಏರಬಲ್ಲದು. ಅಂಚಿಗೆ ಬಂದು ಕಾಲುಗಳಿಂದ ಒತ್ತಿದರೆ ಹಗುರವಾದ ಮುಚ್ಚಳ ಮೇಲೇಳುತ್ತದೆ. ಹೊಟ್ಟೆ ಮೆತ್ತಗಿರುವುದರಿಂದ ಸಂದಿಗೆ ತಕ್ಕಂತೆ ಕಿರಿದಾಗುತ್ತದೆ. ಕಿರಿದಾಗದ ಭಾಗವೆಂದರೆ ಕಾಲುಗಳು ಸೇರಿರುವ ಮುಂಭಾಗದ ಗಟ್ಟಿ ಚಿಪ್ಪು ಮಾತ್ರ. ಆ ಚಿಪ್ಪು ತೂರುವಷ್ಟು ಜಾಗ ಸಿಕ್ಕರೆ ಇಡೀ ಜೇಡ ಹೊರಗೆ. ಕಾಲು ಚಾಚಿದಾಗ ಅಂಗೈಯಷ್ಟು ಕಾಣುವ ಜೀವಿ ಎರಡು ಬೆರಳಗಲದ ಸಂದಿಯಲ್ಲಿ ಮಾಯವಾಗುವುದು ಹೀಗೆ. ಪ್ರಾಯಕ್ಕೆ ಬಂದ ಗಂಡು ಜೇಡವಂತೂ ಹೆಣ್ಣನ್ನು ಹುಡುಕಿಕೊಂಡು ಅಲೆಯುವ ಸ್ವಭಾವದ್ದು. ಡಬ್ಬದ ಪ್ರತಿ ಮೂಲೆಯನ್ನೂ ಪರೀಕ್ಷಿಸುತ್ತಿರುತ್ತದೆ.

ಆದ್ದರಿಂದ ಗಾಳಿಯ ತೂತುಗಳು ಆ ಚಿಪ್ಪಿಗಿಂತ ಬಹಳ ಚಿಕ್ಕದಾಗಿರಬೇಕು. ಮರಿ ಜೇಡವಾದರೆ ಸೂಜಿಮೊನೆಯಷ್ಟು ಸಾಕು. ಜಾಲರಿಯ ಮುಚ್ಚಳ ನೋಡಲು ಭದ್ರ, ಆದರೆ ಜೇಡದ ಕಾಲುಗುರು ಅದರಲ್ಲಿ ಸಿಕ್ಕಿಕೊಂಡು ಕಾಲೇ ಮುರಿಯುವುದುಂಟು. ತೆಳು ಜಾಲರಿಯನ್ನು ತನ್ನ ವಿಷದ ಹಲ್ಲಿನಿಂದ ಹರಿಯುವುದೂ ಉಂಟು. ಸಣ್ಣ ತೂತು ಕೊರೆದ ದಪ್ಪ ಅಕ್ರಿಲಿಕ್ ಹಾಳೆ ಇದಕ್ಕಿಂತ ಉತ್ತಮ. ಮುಚ್ಚಳಕ್ಕೆ ಚಿಲಕ ಅಥವಾ ಗಟ್ಟಿ ಕ್ಲಿಪ್ ಬೇಕು. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಪುಟ್ಟ ಬೀಗವೇ ಬೇಕು. ಪುಸ್ತಕದ ಭಾರ, ಅಂಟುಪಟ್ಟಿ, ರಬ್ಬರ್ ಬ್ಯಾಂಡ್ ಇವು ಯಾವುವೂ ಬೀಗವಲ್ಲ.

ಡಬ್ಬದ ಎತ್ತರವೂ ಮುಖ್ಯ. ನೆಲದಲ್ಲಿ ಬಾಳುವ ಜಾತಿಗಳಿಗೆ ಒಳಗಿನ ಮಣ್ಣಿನಿಂದ ಮುಚ್ಚಳದವರೆಗಿನ ಅಂತರ ಅವುಗಳ ಕಾಲಗಲದ ಒಂದೂವರೆ ಪಟ್ಟು ಮೀರಬಾರದು. ಎತ್ತರದಿಂದ ಬಿದ್ದರೆ ಅವುಗಳ ಹೊಟ್ಟೆ ಒಡೆಯುತ್ತದೆ. ಮೇಜಿನಿಂದ ನೆಲಕ್ಕೆ ಬೀಳುವುದೇ ಅದಕ್ಕೆ ಮರಣವಾಗಬಹುದು. ಡಬ್ಬವನ್ನು ಭದ್ರವಾಗಿ ಮುಚ್ಚುವುದು ನಮಗಾಗಿ ಎಷ್ಟೋ, ಅದರ ಜೀವಕ್ಕಾಗಿಯೂ ಅಷ್ಟೇ.

ಇನ್ನು ಎಂಥ ಚಿಲಕವಿದ್ದರೂ ಅದನ್ನು ತೆರೆಯುವ ಹೊತ್ತೊಂದು ಇದ್ದೇ ಇದೆ. ಆಹಾರ ಹಾಕುವಾಗ, ನೀರಿನ ಬಟ್ಟಲು ತುಂಬುವಾಗ, ಸ್ವಚ್ಛ ಮಾಡುವಾಗ. ಕೋಣೆಯ ಬಾಗಿಲು ಹಾಕಿ, ಅದರ ಕೆಳಗಿನ ಸಂದಿಗೆ ಟವೆಲ್ ಇಡಿ. ಫ್ಯಾನ್ ನಿಲ್ಲಿಸಿ. ಜೇಡ ಎಲ್ಲಿದೆ ಎಂದು ಕಣ್ಣಿಗೆ ಬೀಳುವವರೆಗೆ ಮುಚ್ಚಳ ಮುಟ್ಟಬೇಡಿ. ಅದು ಮುಚ್ಚಳದ ಒಳಬದಿಗೇ ಅಂಟಿಕೊಂಡಿರಬಹುದು. ಡಬ್ಬವನ್ನು ಅಗಲವಾದ ದೊಡ್ಡ ಟಬ್ಬಿನೊಳಗೆ ಇಟ್ಟುಕೊಂಡು ತೆರೆದರೆ ಹಾರಿದರೂ ಅಲ್ಲೇ ಬೀಳುತ್ತದೆ. ಪಾರದರ್ಶಕ ಲೋಟ, ಗಟ್ಟಿ ಕಾಗದ, ಮೆತ್ತನೆಯ ಬ್ರಷ್ ಕೈಗೆಟಕುವಂತೆ ಇರಲಿ. ಒಳಗೆ ಕೈ ಬೇಡ, ಉದ್ದದ ಚಿಮಟ ಸಾಕು. ಮುಚ್ಚಿದ ಮೇಲೆ ಚಿಲಕವನ್ನು ಎರಡನೆಯ ಸಲ ಎಳೆದು ನೋಡಿ.

ಅಪಾಯ ಎಷ್ಟು?

ಇಲ್ಲದ ಭಯ ಹುಟ್ಟಿಸುವುದು ನನ್ನ ಉದ್ದೇಶವಲ್ಲ. ಅಮೆರಿಕ ಖಂಡಗಳ ಅನೇಕ ತರಾಂಟುಲಾಗಳಿಗೆ ಕಚ್ಚುವುದು ಕೊನೆಯ ಉಪಾಯ. ಹೆದರಿದಾಗ ಅವು ಹಿಂಗಾಲಿನಿಂದ ಹೊಟ್ಟೆಯನ್ನು ಉಜ್ಜಿ ಸೂಕ್ಷ್ಮ ರೋಮಗಳನ್ನು ಗಾಳಿಗೆ ಹಾರಿಸುತ್ತವೆ. ಅಕ್ಕನ ಮನೆಯಲ್ಲಿ ಆ ಹೆಂಗಸಿನ ಕೈಗೆ ತಾಗಿದ್ದು ಇದೇ. ಚರ್ಮಕ್ಕೆ ತಾಗಿದರೆ ತುರಿಕೆ, ಉಸಿರಿನೊಡನೆ ಹೋದರೆ ಕೆಮ್ಮು, ಕಣ್ಣಿಗೆ ಹೊಕ್ಕರೆ ನಿಜವಾದ ತೊಂದರೆ. ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ 2009ರಲ್ಲಿ ಒಬ್ಬ ಯುವಕ ವಾರಗಟ್ಟಲೆ ಕೆಂಪಾದ, ನೀರು ಸುರಿಯುವ, ಬೆಳಕು ಸಹಿಸದ ಕಣ್ಣಿನೊಂದಿಗೆ ಆಸ್ಪತ್ರೆಗೆ ಬಂದ. ವೈದ್ಯರು ದೊಡ್ಡದಾಗಿ ತೋರಿಸುವ ಮಸೂರದಲ್ಲಿ ನೋಡಿದಾಗ ಕಣ್ಣಿನ ಪಾರದರ್ಶಕ ಪಟಲದಲ್ಲಿ ಕೂದಲಿನಂಥ ಎಳೆಗಳು ಚುಚ್ಚಿಕೊಂಡಿದ್ದವು. ಸಾಕಿದ ಜೇಡದ ಗಾಜಿನ ತೊಟ್ಟಿಯನ್ನು ಉಜ್ಜುತ್ತಿದ್ದಾಗ ಅದು ಮುಖಕ್ಕೆ ರೋಮ ಹಾರಿಸಿದ್ದು ಅವನಿಗೆ ಆಗ ನೆನಪಾಯಿತು. ಹೀಗಾಗಿ ತೊಟ್ಟಿ ಸ್ವಚ್ಛ ಮಾಡುವಾಗ ಕೈಗವಸು, ಮಾಸ್ಕ್, ಕನ್ನಡಕ ಇರಲೇಬೇಕು. ಜೇಡ ಕಳಚಿದ ಪೊರೆಯಲ್ಲೂ, ಹಳೆಯ ಮಣ್ಣಿನಲ್ಲೂ ಆ ರೋಮಗಳು ಉಳಿದಿರುತ್ತವೆ. ಅಸ್ತಮಾ ಇರುವವರ ಕೋಣೆಯಲ್ಲಿ ಇಂಥ ಡಬ್ಬ ಇಡುವುದು ಅನ್ಯಾಯ.

ರೋಮ ತಾಗಿದರೆ ಉಜ್ಜಬೇಡಿ. ಚರ್ಮದ ಮೇಲಿನದನ್ನು ಅಂಟುಪಟ್ಟಿಯಿಂದ ಎತ್ತಿ ತೆಗೆದು, ಬಳಿಕ ನೀರಿನಿಂದ ತೊಳೆಯಿರಿ. ಕಣ್ಣಿಗೆ ಬಿದ್ದರೆ ಧಾರಾಳ ನೀರು ಹರಿಸಿ, ಅದೇ ದಿನ ಕಣ್ಣಿನ ವೈದ್ಯರಲ್ಲಿಗೆ ಹೋಗಿ.

ನಮ್ಮ ದೇಶದ ತರಾಂಟುಲಾಗಳಿಗೆ ಈ ಹಾರುವ ರೋಮಗಳಿಲ್ಲ. ಆದರೆ ಮರದಲ್ಲಿ ಬಾಳುವ ನಮ್ಮ ಜಾತಿಗಳು ಮಿಂಚಿನಂತೆ ಓಡುತ್ತವೆ, ಕಚ್ಚಿದರೆ ಸ್ನಾಯುಗಳು ಹಿಡಿದುಕೊಂಡು ದಿನಗಟ್ಟಲೆ ನೋಯಬಹುದು. ಕಚ್ಚಿದ ಜಾಗವನ್ನು ಸಾಬೂನು, ನೀರಿನಿಂದ ತೊಳೆದು ವೈದ್ಯರನ್ನು ಕಾಣಿ. ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಬೇಡ. ಹಾವಿನ ವಿಷಕ್ಕೆ ಕೊಡುವ ಚುಚ್ಚುಮದ್ದು ಇದಕ್ಕೆ ಔಷಧಿಯಲ್ಲ.

ಶುಚಿತ್ವದ ಇನ್ನೊಂದು ಮಾತು. ಜೇಡದ ಆಹಾರಕ್ಕೆಂದು ತಂದ ಜಿರಳೆಗಳು ಮನೆಯೊಳಗೆ ತಪ್ಪಿಸಿಕೊಂಡರೆ ಅದು ಇನ್ನೊಂದು ತೊಂದರೆ. ಅವುಗಳ ಡಬ್ಬಕ್ಕೂ ಭದ್ರ ಮುಚ್ಚಳ ಬೇಕು, ಅದು ಅಡುಗೆಮನೆಯಿಂದ ದೂರವಿರಬೇಕು. ಜೇಡ ತಿನ್ನದೆ ಬಿಟ್ಟದ್ದನ್ನು ಮರುದಿನವೇ ತೆಗೆಯಬೇಕು, ಇಲ್ಲದಿದ್ದರೆ ಇರುವೆ, ನುಸಿ, ದುರ್ವಾಸನೆ ಎಲ್ಲ ಒಟ್ಟಿಗೆ ಬರುತ್ತವೆ.

ತಪ್ಪಿಸಿಕೊಂಡೇ ಬಿಟ್ಟರೆ

ಮೊದಲ ಕೆಲಸ ಹುಡುಕುವುದಲ್ಲ, ಹೇಳುವುದು. ಮನೆಯವರಿಗೆ, ಕೆಲಸಕ್ಕೆ ಬರುವವರಿಗೆ, ಪಕ್ಕದ ಮನೆಯವರಿಗೆ. ನಾಚಿಕೆಯಿಂದ ಮುಚ್ಚಿಟ್ಟರೆ ಏನಾಗುತ್ತದೆಂದು ಮೇಲೆ ಬರೆದಿದ್ದೇನೆ. ನೆರೆಯವರ ಹಕ್ಕಿನ ಬಗ್ಗೆ ಅಷ್ಟೆಲ್ಲ ಕೇಳಿ ಬೆಳೆದ ನಮಗೆ ಇದನ್ನು ಬೇರೆಯಾಗಿ ವಿವರಿಸಬೇಕಿಲ್ಲ.

ಅನಂತರ ಕೋಣೆಯ ಬಾಗಿಲು ಹಾಕಿ, ಕೆಳಗಿನ ಸಂದಿ ಮುಚ್ಚಿ. ಬಚ್ಚಲಿನ ನೀರು ಹೋಗುವ ತೂತು, ಕಿಟಕಿ ಎಲ್ಲವನ್ನೂ ಮುಚ್ಚಿ. ಡಬ್ಬ ಇದ್ದ ಜಾಗದಿಂದಲೇ ಹುಡುಕಲು ಆರಂಭಿಸಿ. ಕಪಾಟಿನ ಹಿಂಬದಿ, ಪರದೆಯ ಮಡಿಕೆ, ಬೂಟು, ಬಟ್ಟೆಯ ರಾಶಿ, ಛಾವಣಿಯ ಮೂಲೆ ಯಾವುದನ್ನೂ ಬಿಡಬೇಡಿ. ಸಿಗದಿದ್ದರೆ ರಾತ್ರಿ ದೀಪ ಆರಿಸಿ, ಸ್ವಲ್ಪ ಹೊತ್ತು ಕಾದು ಟಾರ್ಚ್ ಹಿಡಿದು ನೋಡಿ. ನೆಲದ ಮೇಲೆ ತಗ್ಗಾದ ತಟ್ಟೆಯಲ್ಲಿ ನೀರಿಡಿ, ಒಣಗಿದ ಜೇಡ ತೇವ ಹುಡುಕಿ ಬರಬಹುದು. ಕಂಡರೆ ಲೋಟ ಕವುಚಿ, ಅಡಿಯಲ್ಲಿ ಕಾಗದ ತೂರಿಸಿ ಎತ್ತಿ. ಜಿರಳೆ ಔಷಧಿ ಸಿಂಪಡಿಸಬೇಡಿ. ಅದು ಜೇಡವನ್ನು ನರಳಿಸಿ ಕೊಲ್ಲುತ್ತದೆ, ಮನೆಯ ಮಕ್ಕಳ ಉಸಿರಿಗೂ ಒಳ್ಳೆಯದಲ್ಲ.

ಬೇಸತ್ತು ತೋಟಕ್ಕೆ ಬಿಡುವ ಯೋಚನೆಯಂತೂ ಬೇಡವೇ ಬೇಡ. ಅಮೆರಿಕದ ಫ್ಲೋರಿಡಾದ ಸೇಂಟ್ ಲೂಸಿ ಕೌಂಟಿಯಲ್ಲಿ 1996ರಲ್ಲಿ ಕಿತ್ತಳೆ ಜಾತಿಯ ಹಣ್ಣಿನ ತೋಟವೊಂದರಲ್ಲಿ ಮೆಕ್ಸಿಕೋ ಕಡೆಯ ತರಾಂಟುಲಾಗಳು ಬಿಲ ತೋಡಿ ಸಂಸಾರ ಹೂಡಿದ್ದು ಕಂಡುಬಂತು. ಸಾಕಲು ತಂದ ಜೇಡಗಳಿಂದಲೇ ಇದು ಆದದ್ದೆಂದು ಅಲ್ಲಿನವರು ಊಹಿಸಿದರು.

ಎಲ್ಲಿಂದ ಬಂತು ಎಂದು ಕೇಳಿ

ಇದೊಂದು ಪ್ರಶ್ನೆಯನ್ನು ನಾವು ಹಿರಿಯರು ಕೇಳುವುದೇ ಇಲ್ಲ. 2021ರ ಜುಲೈಯಲ್ಲಿ ಚೆನ್ನೈ ಕಸ್ಟಮ್ಸ್ ಅಧಿಕಾರಿಗಳು ಪೋಲೆಂಡಿನಿಂದ ಬಂದ ಅಂಚೆ ಪೊಟ್ಟಣವೊಂದನ್ನು ಬಿಚ್ಚಿದಾಗ ಪುಟ್ಟ ಪ್ಲಾಸ್ಟಿಕ್ ಸೀಸೆಗಳಲ್ಲಿ, ಹತ್ತಿ ಮತ್ತು ಬೆಳ್ಳಿ ಕಾಗದ ಸುತ್ತಿದ 107 ಜೀವಂತ ಜೇಡಗಳು ಸಿಕ್ಕವು. ಅವನ್ನು ಬಂದ ದೇಶಕ್ಕೇ ಮರಳಿಸಲು ಅಂಚೆಯವರಿಗೆ ಒಪ್ಪಿಸಲಾಯಿತು. ಅಕ್ಕನ ಮಗನ ಜೇಡ ಸೇರಿದ ಬ್ರಾಕಿಪೆಲ್ಮಾ ಕುಲವೂ, 2019ರಿಂದ ನಮ್ಮ ಭಾರತ ಮತ್ತು ಶ್ರೀಲಂಕಾದ ಮರಜೇಡಗಳ ಕುಲವೂ ಸೈಟ್ಸ್ ಎಂಬ ಅಂತಾರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿವೆ. ಆ ಕುಲದ ಒಂದು ಜೇಡಕ್ಕೆ ಮೈಸೂರಿನ ಹೆಸರೇ ಇದೆ. ಆಂಧ್ರದ ಗುತ್ತಿಯಲ್ಲಿ ಮೊದಲು ಸಿಕ್ಕ ನೀಲಿ ಜೇಡ ಕಾಡಿನಲ್ಲಿ ಅಳಿವಿನ ಅಂಚಿಗೆ ಬಂದಿದೆ. 2022ರಲ್ಲಿ ತಿದ್ದುಪಡಿಯಾದ ವನ್ಯಜೀವಿ ಸಂರಕ್ಷಣಾ ಕಾಯ್ದೆ, ಅದರಡಿ ಬಂದ 2024ರ ನಿಯಮಗಳ ಪ್ರಕಾರ ಕಾಯ್ದೆಯ ನಾಲ್ಕನೆಯ ಅನುಸೂಚಿಯಲ್ಲಿರುವ ಇಂಥ ಜೀವಿಗಳನ್ನು ಇಟ್ಟುಕೊಂಡವರು ಸರಕಾರಕ್ಕೆ ತಿಳಿಸಿ ನೋಂದಾಯಿಸಬೇಕು. ಹುಡುಗನ ಬಳಿ ಒಂದು ಚೀಟಿಯೂ ಇರಲಿಲ್ಲ. ಅಂಥ ಕಾನೂನು ಇದೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ.

ಈಗ ಮೊದಲಿನ ಪ್ರಶ್ನೆ. ಮನೆಯಲ್ಲಿ ಜೇಡ ಸಾಕಬೇಕೇ? ಬೇಡ ಎನ್ನುವುದು ನನ್ನ ಸಲಹೆ. ಅದು ಅಸಹ್ಯವೆಂದಲ್ಲ. ಹೆಣ್ಣು ತರಾಂಟುಲಾ ಇಪ್ಪತ್ತು ವರ್ಷಕ್ಕೂ ಹೆಚ್ಚು ಬದುಕಬಲ್ಲದು. ಇಪ್ಪತ್ತರ ಹುಡುಗ ನಾಳೆ ದುಬೈಗೋ ದಮ್ಮಾಮಿಗೋ ಕೆಲಸಕ್ಕೆ ಹೋದರೆ ಆ ಡಬ್ಬ ತಾಯಿಯ ಪಾಲಿಗೆ ಬೀಳುತ್ತದೆ. ಮುಟ್ಟಲು ಹೆದರುವವರ ಕೈಯಲ್ಲಿ ಅದು ಹಸಿದೋ ಒಣಗಿಯೋ ಸಾಯುತ್ತದೆ. ಬೆಕ್ಕನ್ನು ಕಟ್ಟಿಹಾಕಿ, ತಾನೂ ಉಣಿಸದೆ, ಅದು ಹುಡುಕಿ ತಿನ್ನಲೂ ಬಿಡದ ಹೆಂಗಸಿನ ಹದೀಸನ್ನು ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ಕೂಡಿಹಾಕಿದವನು ಉಣಿಸಲೂ ಬೇಕು, ಕಾಯಲೂ ಬೇಕು.

ಈಗಾಗಲೇ ಸಾಕಿದ್ದರೆ ಹೊರಹಾಕಿ ಎಂದು ಮಗನೊಡನೆ ಜಗಳಕ್ಕಿಳಿಯಬೇಡಿ. ಅವನ ಪಕ್ಕ ಕುಳಿತು ಮುಚ್ಚಳ ಪರೀಕ್ಷಿಸಿ, ಕಾಗದಪತ್ರ ಕೇಳಿ, ಮನೆಗೆ ಬರುವವರಿಗೆಲ್ಲ ಅವನ ಬಾಯಿಂದಲೇ ಹೇಳಿಸಿ.

ಅಕ್ಕನ ಮನೆಯ ಆ ಹೆಂಗಸು ಹದಿನೈದು ದಿನ ಬಿಟ್ಟು ಕೆಲಸಕ್ಕೆ ಮರಳಿದರು. ಹುಡುಗನೇ ಅವರ ಮನೆಗೆ ಹೋಗಿ ಕ್ಷಮೆ ಕೇಳಿ, ಡಾಕ್ಟರ ಖರ್ಚು ಕೊಟ್ಟು ಬಂದಿದ್ದ. ಖಾಲಿ ಡಬ್ಬ ಇನ್ನೂ ಅವನ ಮೇಜಿನ ಮೇಲಿದೆ. ಇನ್ನೊಂದು ತರುವೆಯಾ ಎಂದು ಮೊನ್ನೆ ಫೋನಿನಲ್ಲಿ ಕೇಳಿದೆ. "ಇಲ್ಲ ಖಾಲಾ" ಎಂದ.