ಹತ್ತು ಮೀಟರಿನೊಳಗೆ ರಿಯಾಯಿತಿ ಬೇಡ

ಡಿಸ್ಕ್ ಗಾಲ್ಫ್ ಕಲಿಯಲು ಬಂದವರಿಗೆ ಹಳಬರು ಧಾರಾಳವಾಗಿ ಕೊಡುವ ಸಲಹೆಯೊಂದಿದೆ: ನಿಯಮಗಳ ತಲೆಬಿಸಿ ಈಗ ಬೇಡ, ಮೊದಲು ದೂರ ಎಸೆಯುವುದನ್ನು ಕಲಿಯಿರಿ. ಹೊಸಬರು ಕೇಳುವ ಪ್ರಶ್ನೆಗಳು ಮಾತ್ರ ಬುಟ್ಟಿಯ ಆಸುಪಾಸಿನವೇ ಆಗಿರುತ್ತವೆ. ಎಸೆದ ಮೇಲೆ ಮುಂದಕ್ಕೆ ಕಾಲಿಡಬಹುದೇ? ಬುಟ್ಟಿಯ ನೆತ್ತಿಯ ಮೇಲೆ ಕುಳಿತ ಡಿಸ್ಕ್ ಲೆಕ್ಕಕ್ಕೆ ಬರುತ್ತದೆಯೇ? ಒಂದು ಮೀಟರ್ ದೂರದಲ್ಲಿ ಬಿದ್ದದ್ದನ್ನು ಕೈಯಲ್ಲೆತ್ತಿಕೊಂಡು ‘ಹಾಕಿದೆ’ ಎಂದು ಬರೆದುಕೊಂಡರೆ ಆಗದೇ? ಇವಕ್ಕೆ ‘ಸ್ನೇಹಿತರ ಆಟ ತಾನೇ, ನಡೆಯುತ್ತೆ ಬಿಡಿ’ ಎಂಬ ಉತ್ತರ ಸಿಕ್ಕಿದರೆ ಅದು ಔದಾರ್ಯದಂತೆ ಕಾಣುತ್ತದೆ. ನನ್ನ ವಾದ ಇದಕ್ಕೆ ತದ್ವಿರುದ್ಧ. ಬುಟ್ಟಿಯ ಸುತ್ತಲಿನ ಹತ್ತು ಮೀಟರಿನ ನಿಯಮವನ್ನೂ ಪ್ರಾಮಾಣಿಕ ಎಣಿಕೆಯನ್ನೂ ಮೊದಲ ದಿನದಿಂದಲೇ ಪಾಲಿಸಬೇಕು. ಈ ಆಟದಲ್ಲಿ ನಿಯಮ ಬೇರೆ, ಕೌಶಲ ಬೇರೆ ಅಲ್ಲ. ನಿಯಮವನ್ನು ಸಡಿಲಿಸಿದವರು ಕಲಿಕೆಯನ್ನೇ ಸಡಿಲಿಸಿಕೊಳ್ಳುತ್ತಾರೆ.

ಆಟ ನೋಡದವರಿಗಾಗಿ ಎರಡು ಮಾತು. ಗಾಲ್ಫ್‌ನ ಕೋಲು, ಚೆಂಡು, ಗುಳಿಗಳ ಬದಲಿಗೆ ಇಲ್ಲಿ ಬರಿಗೈ, ಪ್ಲಾಸ್ಟಿಕ್ ಡಿಸ್ಕ್ ಮತ್ತು ಸರಪಳಿಗಳನ್ನು ಇಳಿಬಿಟ್ಟ ಕಬ್ಬಿಣದ ಬುಟ್ಟಿ ಇರುತ್ತವೆ. ಟೀ ಎಂಬ ಜಾಗದಿಂದ ಮೊದಲ ಎಸೆತ, ಡಿಸ್ಕ್ ಬಿದ್ದಲ್ಲಿಂದ ಮುಂದಿನದು, ಬುಟ್ಟಿ ಸೇರುವ ತನಕ ಹೀಗೇ. ಎಸೆತಗಳ ಮೊತ್ತ ಯಾರದು ಕಡಿಮೆಯೋ ಅವರು ಗೆದ್ದಂತೆ. ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಪಾರ್ಕ್‌ನಲ್ಲಿ 1975ರಲ್ಲಿ ಮೊದಲ ಶಾಶ್ವತ ಅಂಕಣ ರೂಪುಗೊಂಡಿತು. ಅದರ ಹಿಂದಿದ್ದ ಎಡ್ ಹೆಡ್ರಿಕ್ ಅವರೇ 1976ರಲ್ಲಿ ವೃತ್ತಿಪರ ಡಿಸ್ಕ್ ಗಾಲ್ಫ್ ಸಂಸ್ಥೆಯಾದ ಪಿಡಿಜಿಎಯನ್ನೂ ಸ್ಥಾಪಿಸಿದರು. ಆರಂಭದಲ್ಲಿ ಮರ, ಕಂಬಗಳೇ ಗುರಿ. ಡಿಸ್ಕ್ ಕಂಬಕ್ಕೆ ತಾಗಿತೋ ಇಲ್ಲವೋ ಎಂಬ ತಕರಾರು ತಪ್ಪುತ್ತಿರಲಿಲ್ಲ. ಹೆಡ್ರಿಕ್ ಸರಪಳಿಯ ಬುಟ್ಟಿಯನ್ನು ರೂಪಿಸಿ ಪೇಟೆಂಟ್ ಪಡೆದ ಮೇಲೆ ಆ ತಕರಾರು ನಿಂತಿತು: ಡಿಸ್ಕ್ ಒಳಗಿದ್ದರೆ ಮುಗಿಯಿತು, ಇಲ್ಲದಿದ್ದರೆ ಇಲ್ಲ. ಅಂದರೆ ಈ ಆಟದ ಹೆಗ್ಗುರುತಾದ ಉಪಕರಣ ಹುಟ್ಟಿದ್ದೇ ಲೆಕ್ಕ ಸರಿಯಿರಲಿ ಎಂಬ ಕಾರಣಕ್ಕೆ. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರಿಗೆ ಇಂಥ ಬುಟ್ಟಿಗಳು ಅಪರಿಚಿತವಲ್ಲ. ಅಲ್ಲಿ ಸಂಜೆ ವಾಕಿಂಗ್ ಹೋಗುವ ಸಾರ್ವಜನಿಕ ಪಾರ್ಕ್‌ಗಳಲ್ಲೇ ಅಂಕಣಗಳಿವೆ, ಬಹುಪಾಲು ಕಡೆ ಪ್ರವೇಶವೂ ಉಚಿತ.

ಈಗ ಆ ಮೂರು ಪ್ರಶ್ನೆಗಳಿಗೆ ಬರೋಣ. ಬುಟ್ಟಿಯ ನೆತ್ತಿಯ ಮೇಲೆ ನಿಂತ ಡಿಸ್ಕ್ ಲೆಕ್ಕಕ್ಕಿಲ್ಲ. ಸರಪಳಿಗಳ ನಡುವೆ ಸಿಕ್ಕಿ ನೇತಾಡುತ್ತಿದ್ದರೆ ಲೆಕ್ಕಕ್ಕಿದೆ. ಹತ್ತಿರ ಬಿದ್ದದ್ದನ್ನು ಎತ್ತಿಕೊಂಡು ಒಳಗೆ ಹಾಕಿದಂತೆ ಭಾವಿಸುವ ಸೌಲಭ್ಯ ನಿಯಮಪುಸ್ತಕದಲ್ಲಿ ಇಲ್ಲವೇ ಇಲ್ಲ. ಒಂದು ಗೇಣು ದೂರವಿದ್ದರೂ ಎಸೆದೇ ಮುಗಿಸಬೇಕು. ಕಾಲಿನ ವಿಚಾರ ಸ್ವಲ್ಪ ಸೂಕ್ಷ್ಮ. ಬಿದ್ದ ಡಿಸ್ಕ್ ಅಥವಾ ಅದರ ಮುಂದಂಚಿಗೆ ತಾಗಿಸಿಟ್ಟ ಮಿನಿ ಮಾರ್ಕರ್ ಎಂಬ ಪುಟ್ಟ ಡಿಸ್ಕ್‌ನ ಹಿಂದೆ 20 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಉದ್ದದ ಜಾಗ ನಿಮ್ಮದು. ಹೆಚ್ಚುಕಡಿಮೆ ಒಂದು ಎ4 ಹಾಳೆಯಷ್ಟು. ಡಿಸ್ಕ್ ಕೈಬಿಡುವ ಕ್ಷಣದಲ್ಲಿ ಒಂದು ಕಾಲಾದರೂ ಆ ಹಾಳೆಯ ಮೇಲಿರಬೇಕು, ಮಾರ್ಕರ್‌ಗಿಂತ ಮುಂದೆ ಮೈಯ ಯಾವ ಭಾಗವೂ ನೆಲಕ್ಕೆ ಊರಿರಬಾರದು. ಹತ್ತು ಮೀಟರಿನಾಚೆಯಾದರೆ ಡಿಸ್ಕ್ ಕೈಬಿಟ್ಟ ನಂತರ ಮುಂದಕ್ಕೆ ಹೆಜ್ಜೆ ಹಾಕಲು ಅಡ್ಡಿಯಿಲ್ಲ. ಹತ್ತು ಮೀಟರಿನೊಳಗೆ ಹಾಗಲ್ಲ. ಎಸೆದ ಮೇಲೂ ಮಾರ್ಕರ್‌ನ ಹಿಂದೆಯೇ ನಿಂತು, ಮೈ ಪೂರ್ತಿ ಹಿಡಿತದಲ್ಲಿದೆ ಎಂದು ತೋರಿಸಿದ ಬಳಿಕವೇ ಬುಟ್ಟಿಯತ್ತ ನಡೆಯಬೇಕು. ಹೊಸಬರು ಅತಿ ಹೆಚ್ಚು ಮುರಿಯುವ ನಿಯಮ ಇದು, ಹಳಬರು ಅತಿ ಹೆಚ್ಚು ಕಂಡೂ ಕಾಣದಂತಿರುವ ನಿಯಮವೂ ಇದೇ.

ಇದು ಬರೀ ಕಟ್ಟುಪಾಡಲ್ಲ ಎನ್ನುವುದಕ್ಕೆ ಸಾಕ್ಷಿ ಪಟ್‌ನಲ್ಲೇ, ಅಂದರೆ ಬುಟ್ಟಿಯ ಹತ್ತಿರದಿಂದ ಎಸೆಯುವ ಎಸೆತದಲ್ಲೇ ಇದೆ. ಆರೇಳು ಮೀಟರ್ ದೂರದಿಂದ ಎಸೆಯುವ ಹೊಸಬರನ್ನು ಗಮನಿಸಿ. ಶಕ್ತಿ ಸಾಲದು ಎಂಬ ಭಯದಿಂದ ಇಡೀ ಮೈಯನ್ನು ಮುಂದಕ್ಕೆ ತೂರಿಬಿಡುತ್ತಾರೆ. ಭುಜ ತಿರುಗುತ್ತದೆ, ಕೈ ಗುರಿಯಿಂದ ಅಡ್ಡಕ್ಕೆ ಹೋಗುತ್ತದೆ, ಡಿಸ್ಕ್‌ನ ಮೂತಿ, ಅಂದರೆ ಮುಂದಂಚು, ಮೇಲಕ್ಕೇಳುತ್ತದೆ. ಮೂತಿ ಎತ್ತಿದ ಡಿಸ್ಕ್‌ಗೆ ಎದುರುಗಾಳಿ ಸಿಕ್ಕಿತೆಂದರೆ ಅದು ಬುಟ್ಟಿಯ ಮೇಲಿಂದ ತೇಲಿಹೋಗಿ ಆಚೆ ಬೀಳುತ್ತದೆ. ಮೈ ಮುಂದಕ್ಕೆ ಬೀಳದಂತೆ ಎಸೆಯಬೇಕಾದರೆ ಬೇರೆ ದಾರಿ ಹುಡುಕಲೇಬೇಕಾಗುತ್ತದೆ. ಭಾರ ಹಿಂಗಾಲಿನಿಂದ ಮುಂಗಾಲಿಗೆ ನಿಧಾನವಾಗಿ ಸರಿಯಬೇಕು, ಹಿಂಗಾಲು ನೆಲ ಬಿಟ್ಟು ಹಿಂದಕ್ಕೆ ಚಾಚಿ ತೂಕ ಸರಿದೂಗಿಸಬೇಕು, ಕೈ ಬುಟ್ಟಿಯತ್ತಲೇ ನೀಳವಾಗಿ ಚಾಚಿ ನಿಲ್ಲಬೇಕು. ಮಣಿಕಟ್ಟಿನಿಂದ ಜೋರಾಗಿ ತಿರುಗಿಸಿ ನೇರಕ್ಕೆ ಕಳಿಸುವ ಸ್ಪಿನ್ ಪಟ್ ಇರಲಿ, ಕಾಲಿನ ಬಲದಿಂದ ಮೆಲ್ಲನೆ ಎತ್ತಿ ಬುಟ್ಟಿಗೆ ಇಳಿಸುವ ಪುಶ್ ಪಟ್ ಇರಲಿ, ಎರಡಕ್ಕೂ ಬುನಾದಿ ಇಷ್ಟೇ. ಎಸೆದ ಮೇಲೆ ಮನಸ್ಸಿನಲ್ಲೇ ಎರಡು ಎಣಿಸುವಷ್ಟು ಹೊತ್ತು ಅಲುಗದೆ ನಿಲ್ಲಲಾಗದಿದ್ದರೆ ಎಸೆತದಲ್ಲೇ ಎಲ್ಲೋ ತಪ್ಪಿದೆ ಎಂದರ್ಥ. ನಿಯಮ ಕೇಳುವುದೂ ಅದೇ ಸ್ಥಿರತೆಯನ್ನು. ‘ಹೊಸಬರು, ಬಿಡಿ’ ಎಂದು ಇಲ್ಲಿ ವಿನಾಯಿತಿ ಕೊಟ್ಟವರು, ಬಿಡಿಗಾಸಿಲ್ಲದೆ ಸಿಗುತ್ತಿದ್ದ ಗುರುವನ್ನು ಅವರಿಂದ ದೂರ ಮಾಡಿದಂತಾಯಿತು.

ಎಣಿಕೆಯ ವಿಷಯದಲ್ಲೂ ಮಾತು ಇದೇ. ನೂರು ಮೀಟರ್ ಹಾರಿದ ಎಸೆತವೂ ಒಂದು, ಎರಡು ಮೀಟರಿನಿಂದ ಹಾಕಿದ ಎಸೆತವೂ ಒಂದು; ಸ್ಕೋರ್ ಕಾರ್ಡ್‌ನಲ್ಲಿ ದೂರಕ್ಕೆ ಕಾಲಂ ಇಲ್ಲವೇ ಇಲ್ಲ. ಅಂಕಣದ ಹದಿನೆಂಟೂ ಗುರಿಗಳು ಪಾರ್ ಮೂರರವಾದರೆ, ಅಂದರೆ ಪ್ರತಿಯೊಂದನ್ನೂ ಮೂರು ಎಸೆತಗಳಲ್ಲಿ ಮುಗಿಸುವ ನಿರೀಕ್ಷೆಯಿದ್ದರೆ, ಒಟ್ಟು ಪಾರ್ 54. ಆ ಹದಿನೆಂಟರಲ್ಲಿ ಅರ್ಧದಷ್ಟು ಗುರಿಗಳಲ್ಲಿ ಬುಟ್ಟಿಯ ಬಳಿ ಒಂದೊಂದು ಪಟ್ ಹೆಚ್ಚಾಗಿ ಹೋದರೂ ಒಂಬತ್ತು ಎಸೆತಗಳು ವ್ಯರ್ಥವಾದವು. ಒಂಬತ್ತು ಎಸೆತಗಳನ್ನು ಟೀಯಿಂದ ದೂರ ಎಸೆದು ಉಳಿಸುವುದು ಹೊಸಬರಿಗೆ ಎಷ್ಟು ವರ್ಷದ ಶ್ರಮ ಎಂದು ಯೋಚಿಸಿದರೆ ಅಭ್ಯಾಸ ಎಲ್ಲಿ ನಡೆಯಬೇಕು ಎಂಬುದು ತಾನಾಗಿಯೇ ಹೊಳೆಯುತ್ತದೆ. ಆದರೆ ಹೊಳೆಯುವುದು ಎಣಿಸಿದವರಿಗೆ ಮಾತ್ರ. ಹತ್ತಿರದ್ದನ್ನು ಎತ್ತಿಕೊಂಡು ‘ಹಾಕಿದೆ’ ಎನ್ನುವವರ, ಗಡಿಯಾಚೆ ಹೋದದ್ದಕ್ಕೆ ಸೇರಬೇಕಾದ ಒಂದು ದಂಡದ ಎಸೆತವನ್ನು ಮರೆಯುವವರ ಕಾರ್ಡ್‌ನಲ್ಲಿ ತಪ್ಪಿದ ಪಟ್‌ಗಳ ಸುಳಿವೇ ಇರುವುದಿಲ್ಲ. ಕಾಯಿಲೆ ಮುಚ್ಚಿಟ್ಟುಕೊಂಡು ಮದ್ದು ಹುಡುಕಿದರೆ ಸಿಕ್ಕೀತೇ?

ಇದಕ್ಕೆ ಎದುರಾಗುವ ಮೊದಲ ಆಕ್ಷೇಪ ಗಟ್ಟಿಯಾದದ್ದೇ. ಖರ್ಚಿಲ್ಲದೆ, ವಯಸ್ಸಿನ ಭೇದವಿಲ್ಲದೆ ಪಾರ್ಕ್‌ನಲ್ಲಿ ಆಡುವ ಆಟಕ್ಕೆ ಕಾನೂನಿನ ಕಟ್ಟುನಿಟ್ಟು ತಂದರೆ ಬಂದವರೂ ಓಡಿಹೋಗುತ್ತಾರೆ ಎನ್ನುತ್ತಾರೆ. ಹೆದರಿಸುವ ಪಂಡಿತರಿಂದ ಯಾವ ಆಟವೂ ಬೆಳೆದಿಲ್ಲ, ಒಪ್ಪೋಣ. ಆದರೆ ಕಲಿಸುವುದಕ್ಕೂ ದಂಡಿಸುವುದಕ್ಕೂ ವ್ಯತ್ಯಾಸವಿದೆ. ಸ್ನೇಹಿತರ ನಡುವೆ ದಂಡದ ಎಸೆತ ಸೇರಿಸದೆ ‘ಮೈ ಮುಂದೆ ಬಿತ್ತು, ನೋಡಿಕೊಳ್ಳಿ’ ಎಂದಷ್ಟೇ ಹೇಳಿದರೂ ನಿಯಮದ ಕೆಲಸ ನಡೆಯುತ್ತದೆ. ಮೇಲಾಗಿ ಈ ಆಟದಲ್ಲಿ ಪ್ರತಿ ಗುಂಪಿನ ಹಿಂದೆ ಅಂಪೈರ್ ಓಡಾಡುವುದಿಲ್ಲ. ಟೂರ್ನಿಗಳಲ್ಲೂ ಕಾಲಿನ ತಪ್ಪನ್ನು ಗುರುತಿಸುವವರು ಜತೆಗೆ ಆಡುವವರೇ, ಅದನ್ನು ಅನುಮೋದಿಸುವವರೂ ಅವರೇ. ಸ್ಕೋರ್ ಬರೆಯುವವರೂ ಅವರೇ. ತಪ್ಪು ಮೊತ್ತದ ಕಾರ್ಡ್ ಕೊಟ್ಟರೆ ಎರಡು ದಂಡದ ಎಸೆತ. ವರ್ಷಗಟ್ಟಲೆ ಸಡಿಲವಾಗಿ ಆಡಿದವರು ಮೊದಲ ಟೂರ್ನಿಗೆ ಕಾಲಿಟ್ಟ ದಿನ ಅಪರಿಚಿತರಿಂದ ತಪ್ಪು ಹೇಳಿಸಿಕೊಂಡರೆ ಆಗುವ ಮುಜುಗರ, ಆರಂಭದಲ್ಲಿ ಗೆಳೆಯರೊಬ್ಬರು ನಗುತ್ತ ತಿದ್ದಿದಾಗ ಆಗುವುದಕ್ಕಿಂತ ಬಹಳ ದೊಡ್ಡದು.

ಎರಡನೆಯ ಆಕ್ಷೇಪ ಮನಸ್ಸಿಗೆ ಸಂಬಂಧಿಸಿದ್ದು. ಜನ ಈ ಆಟಕ್ಕೆ ಮನಸೋಲುವುದು ಡಿಸ್ಕ್‌ನ ಹಾರಾಟಕ್ಕೆ, ಬುಟ್ಟಿಯ ಬಳಿಯ ಕುಸುರಿಗಲ್ಲ ಎನ್ನುತ್ತಾರೆ. ಇದಕ್ಕೆ ಉದಾಹರಣೆಯೂ ಸಿದ್ಧವಿದೆ. 2021ರ ವಿಶ್ವ ಚಾಂಪಿಯನ್‌ಷಿಪ್‌ನ ಕೊನೆಯ ಗುರಿಯಲ್ಲಿ ಪಾಲ್ ಮೆಕ್‌ಬೆತ್‌ಗಿಂತ ಒಂದು ಎಸೆತ ಹಿಂದಿದ್ದ ಜೇಮ್ಸ್ ಕಾನ್ರಾಡ್, 247 ಅಡಿ ದೂರದಿಂದ ಎಸೆದ ಡಿಸ್ಕ್ ನೇರ ಬುಟ್ಟಿಗೆ ಬಿತ್ತು. ಸಮಬಲವಾದ ಪಂದ್ಯವನ್ನು ಪ್ಲೇಆಫ್‌ನಲ್ಲಿ ಅವರೇ ಗೆದ್ದರು. ಆ ಎಸೆತಕ್ಕೆ ಮರುಳಾಗದವರು ಯಾರು? ಆದರೆ ಅದು ಇಷ್ಟು ಹೆಸರಾದದ್ದೇ ಅಪರೂಪದ ಕಾರಣಕ್ಕೆ. ಅದಕ್ಕೆ ಬೆಲೆ ಬಂದದ್ದು, ಅಷ್ಟೂ ದಿನ ಹಾಕಿದ ಸಾಧಾರಣ ಪಟ್‌ಗಳು ಕಾನ್ರಾಡ್ ಅವರನ್ನು ಒಂದೇ ಎಸೆತದ ಅಂತರದಲ್ಲಿ ಉಳಿಸಿದ್ದರಿಂದ. ಹಾರಾಟದ ಖುಷಿಯನ್ನು ಯಾರೂ ಕಸಿಯಬೇಕಿಲ್ಲ. ಆದರೆ ತೆಳುವಾದ ಅಂಚಿನ, ವೇಗದ ಡ್ರೈವರ್ ಡಿಸ್ಕ್ ಹೊಸಬರ ಕೈಯಿಂದ ಹೊರಟರೆ ಅದಕ್ಕೆ ಬೇಕಾದ ವೇಗ ಸಿಗದೆ ಬೇಗನೆ ಪಕ್ಕಕ್ಕೆ ವಾಲಿ ಪೊದೆ ಸೇರುವುದೇ ಹೆಚ್ಚು. ಅಂಚು ಮೊಂಡಾದ, ನಿಧಾನಕ್ಕೆ ನೇರ ಹೋಗುವ ಪಟರ್ ಡಿಸ್ಕ್‌ನಲ್ಲಿ ಅವರಿಗೆ ಸಿಗುವ ಹಾರಾಟವೇ ಹೆಚ್ಚು ಚೆಂದ. ಬಲವೇ ಮುಖ್ಯವಾದ ಕಡೆ ಮಕ್ಕಳು, ಹಿರಿಯರು ಹಿಂದೆ ಬೀಳುತ್ತಾರೆ. ಹತ್ತು ಮೀಟರಿನೊಳಗೆ ಎಲ್ಲರೂ ಸರಿಸಮ.

ಆದ್ದರಿಂದ ಹೊಸಬರನ್ನು ಅಂಕಣಕ್ಕೆ ಕರೆದೊಯ್ಯುವವರು ಕ್ರಮವನ್ನು ತಿರುವುಮುರುವು ಮಾಡಲಿ. ಟೀಯ ಬದಲು ಬುಟ್ಟಿಯಿಂದ ಮೂರು ಮೀಟರ್ ದೂರದಲ್ಲಿ ಪಾಠ ಶುರುವಾಗಲಿ. ಒಂದು ಪಟರ್, ನೆಲದ ಮೇಲೊಂದು ಮಾರ್ಕರ್, ಸರಪಳಿಯ ಒಂದೇ ಒಂದು ಕೊಂಡಿಯ ಮೇಲೆ ದೃಷ್ಟಿ, ಎಸೆದ ಮೇಲೆ ಅಲುಗದೆ ನಿಲ್ಲುವುದು; ಅಲ್ಲಿ ಕೈ ಕುದುರಿದ ಮೇಲೆ ಒಂದೊಂದೇ ಹೆಜ್ಜೆ ಹಿಂದಕ್ಕೆ. ಕಾರ್ಡ್‌ನಲ್ಲಿ ಆರೋ ಏಳೋ ಬಂದರೆ ಆರೋ ಏಳೋ ಎಂದೇ ಬರೆಯಲಿ. ಆ ಅಂಕಿಯನ್ನು ಕಂಡು ನಾಚಬೇಕಾದ್ದಿಲ್ಲ, ಮುಂದಿನ ವಾರ ಅದು ಐದಾದರೆ ಅದು ನಿಜವಾದ ಐದಾಗಿರುತ್ತದೆ. ರಿಯಾಯಿತಿಯಿಂದ ಪಡೆದ ಐದಕ್ಕೆ ಈ ಭಾಗ್ಯವಿಲ್ಲ.