ಪಾಲುಗಾರಿಕೆಯ ಮದ್ಯ: ಲಾಭಕ್ಕೆ ಪಾಲುಂಟು, ಪಾಪಕ್ಕೆ ಪಾಲಿಲ್ಲ

ಶ್ರಾವಕಧರ್ಮವು ತ್ಯಾಗದಿಂದ ಆರಂಭವಾಗುತ್ತದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಮದ್ಯ, ಮಾಂಸ, ಮಧುಗಳ ತ್ಯಾಗವನ್ನು ಪಂಚಾಣುವ್ರತಗಳೊಡನೆ ಸೇರಿಸಿ ಅಷ್ಟಮೂಲಗುಣಗಳೆಂದರು. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅದೇ ಮೂರರೊಡನೆ ಐದು ಉದುಂಬರ ಫಲಗಳ ತ್ಯಾಗವನ್ನು ಹೇಳಿದರು. ಎಣಿಕೆಯ ಕ್ರಮ ಬೇರೆಯಾದರೂ ಎರಡೂ ಪಟ್ಟಿಗಳಲ್ಲಿ ಮೊದಲು ನಿಂತಿರುವುದು ಮದ್ಯವೇ. ವ್ರತಗಳ ಮೆಟ್ಟಿಲನ್ನು ಏರುವುದಕ್ಕೆ ಮುಂಚೆಯೇ, ಜೈನನೆಂದು ಹೇಳಿಕೊಳ್ಳುವುದಕ್ಕೆ ಇರಬೇಕಾದ ಕನಿಷ್ಠ ಯೋಗ್ಯತೆ ಇದು. ಈ ವಿಷಯದಲ್ಲಿ ದಿಗಂಬರ, ಶ್ವೇತಾಂಬರ ಎಂಬ ಭೇದವೂ ಇಲ್ಲ.

ಆದರೆ ಇಂದು ಮದ್ಯವು ಮದ್ಯವೆಂಬ ಹೆಸರಿನಲ್ಲಿ ಬಾಗಿಲು ತಟ್ಟುವುದಿಲ್ಲ. ಅದು ಹಣ್ಣಿನ ಹೆಸರಿನಲ್ಲಿ ಬರುತ್ತದೆ, ಕಲೆಯ ಹೆಸರಿನಲ್ಲಿ ಬರುತ್ತದೆ, ಸಹಕಾರವೆಂಬ ಸುಂದರವಾದ ಮಾತನ್ನು ಹೊದ್ದು ಬರುತ್ತದೆ. ಹಲವು ಸಣ್ಣ ಬಿಯರು ತಯಾರಕರು ಒಂದುಗೂಡಿ, ಹಣ್ಣನ್ನು ಬೆರೆಸಿ, ಓಕ್ ಮರದ ಪೀಪಾಯಿಯಲ್ಲಿ ತಿಂಗಳುಗಟ್ಟಲೆ ಇರಿಸಿ ಹೊರತರುವ ಲಾಗರ್ ಎಂಬ ಪಾನೀಯವು ಈ ಹೊಸ ವೇಷಗಳಲ್ಲೆಲ್ಲ ಅತ್ಯಂತ ನಯವಾದದ್ದು. ಪಾಶ್ಚಾತ್ಯ ದೇಶಗಳಲ್ಲಿ ಇಂತಹ ಕೂಟಗಳು ಸಾಮಾನ್ಯವಾಗಿವೆ. 2006ರಲ್ಲಿ ಅಮೆರಿಕದ ಎವರಿ ಮತ್ತು ರಷ್ಯನ್ ರಿವರ್ ಎಂಬ ಎರಡು ಸಂಸ್ಥೆಗಳು ತಮ್ಮಿಬ್ಬರ ಬಿಯರಿಗೂ ಒಂದೇ ಹೆಸರಿದ್ದುದನ್ನು ಕಂಡು, ನ್ಯಾಯಾಲಯಕ್ಕೆ ಹೋಗುವ ಬದಲು ಎರಡನ್ನೂ ಬೆರೆಸಿ ಮಾರಿದವು. ಅವುಗಳ ಹೆಸರು 'ಸಾಲ್ವೇಶನ್', ಅಂದರೆ ಮುಕ್ತಿ! ಕರ್ಮಬಂಧದ ದ್ರವಕ್ಕೆ ಕರ್ಮಕ್ಷಯದ ಹೆಸರಿಟ್ಟು ಇಬ್ಬರು ವರ್ತಕರು ಕೈಕುಲುಕಿದ ಈ ಪ್ರಸಂಗವು ಕಾಲದ ರೀತಿಯನ್ನು ಚೆನ್ನಾಗಿ ತೋರಿಸುತ್ತದೆ.

ಇದು ಸಾಗರದಾಚೆಯ ಸಂಗತಿ ಎಂದು ನಿಶ್ಚಿಂತೆಯಿಂದಿರುವಂತಿಲ್ಲ. 2010ರ ನಂತರದ ವರ್ಷಗಳಲ್ಲಿ ಬೆಂಗಳೂರಿನಲ್ಲಿ ಮೈಕ್ರೋಬ್ರೂವರಿಗಳು ಒಂದರ ಹಿಂದೆ ಒಂದಾಗಿ ತೆರೆದುಕೊಂಡವು. ಬೇಸಗೆಯಲ್ಲಿ ಮಾವು ಬೆರೆಸಿದ ಬಿಯರು, ಕಾಫಿ ಬೆರೆಸಿದ ಕಪ್ಪು ಬಿಯರು ಅಲ್ಲಿ ಹೊಸತಲ್ಲ. ನಗರಕ್ಕೆ ಹಣ್ಣು ಬೇಕು, ಕಾಫಿ ಬೇಕು, ಮಲೆನಾಡಿನ ತೋಟವೊಂದರ ಹೆಸರೂ ಬೇಕು. ಅವೆಲ್ಲವೂ ಇರುವುದು ಮೂಡಿಗೆರೆ, ಕಳಸ, ಗೋಣಿಬೀಡಿನಂತಹ ಗುಡ್ಡಗಳಲ್ಲಿ.

ಉದಾಹರಣೆಗಾಗಿ ಗೋಣಿಬೀಡಿನ ಸುತ್ತಲಿನ ಒಬ್ಬ ಜೈನ ತೋಟಗಾರನನ್ನು ಕಲ್ಪಿಸಿಕೊಳ್ಳಬಹುದು. ಕಾಫಿ, ಮೆಣಸು, ನೆರಳಿನ ಮರಗಳ ನಡುವೆ ಕಿತ್ತಳೆ. ನಗರದಿಂದ ನಾಲ್ವರು ಬಿಯರು ತಯಾರಕರು ಬಂದು ಪ್ರಸ್ತಾಪವನ್ನಿಡುತ್ತಾರೆ. ಒಬ್ಬನದು ಯಂತ್ರ, ಒಬ್ಬನದು ಪಾಕವಿಧಾನ, ಒಬ್ಬನದು ಪೀಪಾಯಿ, ಒಬ್ಬನದು ಮಾರಾಟ. ತೋಟಗಾರನಿಂದ ಕಿತ್ತಳೆ ಹಣ್ಣು, ಸ್ವಲ್ಪ ಬಂಡವಾಳ ಮತ್ತು ಸೀಸೆಯ ಚೀಟಿಯ ಮೇಲೆ ತೋಟದ ಹೆಸರು. ಅವನು ಮನೆಗೆ ಬಂದು ಹೇಳುವ ಮಾತು ಯಾವುದು? "ಈ ಮನೆಯಲ್ಲಿ ಯಾರೂ ಒಂದು ತೊಟ್ಟು ಕುಡಿಯುವುದಿಲ್ಲ. ಕುದಿಸುವವರು ಬೇರೆ, ಕುಡಿಯುವವರು ಬೇರೆ. ಕೊಡುವುದು ಬರಿಯ ಹಣ್ಣು." ಈ ಮಾತನ್ನು ಪರೀಕ್ಷಿಸುವುದೇ ಇಲ್ಲಿಯ ಉದ್ದೇಶ. ಏಕೆಂದರೆ ಕುಡಿಯುವ ಜೈನನು ತಪ್ಪಿತಸ್ಥನೆಂಬುದು ಅವನಿಗೇ ತಿಳಿದಿರುತ್ತದೆ. ಕುಡಿಯದೆ ಪಾಲು ಪಡೆಯುವ ಜೈನನಿಗೆ ಅದು ತಿಳಿದಿರುವುದಿಲ್ಲ.

ಮೊದಲು ಆ ಪಾನೀಯದ ಸ್ವರೂಪವನ್ನು ನೋಡಬೇಕು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಬಿಸಿನೀರಿನಲ್ಲಿ ನೆನೆಸಿ ಸಿಹಿರಸವನ್ನು ತೆಗೆಯುತ್ತಾರೆ. ಅದನ್ನು ಕುದಿಸಿ, ತಣಿಸಿ, ಯೀಸ್ಟನ್ನು ಬಿಡುತ್ತಾರೆ. ಲಾಗರ್ ಬಿಯರಿನಲ್ಲಿ ಈ ಯೀಸ್ಟು ಸುಮಾರು 7ರಿಂದ 13 ಡಿಗ್ರಿ ಉಷ್ಣತೆಯಲ್ಲಿ ನಿಧಾನವಾಗಿ ಕೋಟಿಗಟ್ಟಲೆಯಾಗಿ ಬೆಳೆದು ಸಕ್ಕರೆಯನ್ನು ಮದ್ಯಸಾರವಾಗಿ ಮಾರ್ಪಡಿಸುತ್ತದೆ. ಬಳಿಕ ವಾರಗಟ್ಟಲೆ ಶೀತದಲ್ಲಿ ದಾಸ್ತಾನು. ಜರ್ಮನ್ ಭಾಷೆಯಲ್ಲಿ ಲಾಗರ್ ಎಂಬ ಪದದ ಅರ್ಥವೇ ದಾಸ್ತಾನು. ಹಣ್ಣನ್ನು ಸೇರಿಸಿದೊಡನೆ ಅದರ ಸಕ್ಕರೆಯಿಂದ ಹುದುಗು ಮತ್ತೊಮ್ಮೆ ಏಳುತ್ತದೆ. ಓಕ್ ಪೀಪಾಯಿಗಳಾದರೋ ಬಹುಮಟ್ಟಿಗೆ ಹಿಂದೆ ದ್ರಾಕ್ಷಾಮದ್ಯವನ್ನೋ ವಿಸ್ಕಿಯನ್ನೋ ತುಂಬಿದ್ದವು. ಮರದ ರಂಧ್ರಗಳಲ್ಲಿ ಬೇರೆ ಬೇರೆ ಜಾತಿಯ ಸೂಕ್ಷ್ಮಜೀವಿಗಳು ಮನೆಮಾಡಿರುತ್ತವೆ. ಇದಲ್ಲದೆ, ಬಿಯರನ್ನು ತಿಳಿಗೊಳಿಸಲು ಮೀನಿನ ಗಾಳಿಚೀಲದಿಂದ ತೆಗೆದ ವಸ್ತುವನ್ನು ಬಳಸುವ ಹಳೆಯ ಪದ್ಧತಿಯೂ ಉಂಟು. ಎಲ್ಲರೂ ಅದನ್ನು ಬಳಸುವುದಿಲ್ಲ, ಬಳಸಿದವರು ಚೀಟಿಯ ಮೇಲೆ ಬರೆಯುವುದೂ ಅಪರೂಪ.

ಅಮೃತಚಂದ್ರಾಚಾರ್ಯರು ಮದ್ಯವನ್ನು ನಿಷೇಧಿಸುವಾಗ ಕೇವಲ ಅಮಲನ್ನು ಕಾರಣವಾಗಿ ಹೇಳಲಿಲ್ಲ. ಮದ್ಯವು ರಸದಲ್ಲಿ ಹುಟ್ಟುವ ಅಸಂಖ್ಯ ಜೀವಗಳ ಯೋನಿಸ್ಥಾನ, ಆದುದರಿಂದ ಅದರ ಸೇವನೆಯಲ್ಲಿ ಹಿಂಸೆ ಅನಿವಾರ್ಯ ಎಂದು ಹೇಳಿದರು. ಸೂಕ್ಷ್ಮದರ್ಶಕವು ಬರುವುದಕ್ಕೆ ಎಷ್ಟೋ ಶತಮಾನಗಳ ಹಿಂದಿನ ಮಾತಿದು. ಒಂದು ರಾತ್ರಿ ಕಳೆದ ಅನ್ನವನ್ನು ಮನೆಯ ಹಿರಿಯರು 'ಹಳಸಿದ್ದು' ಎಂದು ಹೊರಗಿಡುತ್ತಾರೆ. ಅದೇ ಕ್ರಿಯೆ ತಿಂಗಳುಗಟ್ಟಲೆ ಓಕ್ ಪೀಪಾಯಿಯಲ್ಲಿ ನಡೆದರೆ 'ಮಾಗಿದ್ದು' ಎಂಬ ಮರ್ಯಾದೆ! ಪಾತ್ರೆ ಬದಲಾದರೆ ಜೀವತತ್ತ್ವ ಬದಲಾಗುವುದಿಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ಅಪ್ರಾಮಾಣಿಕವಾದುದಲ್ಲ. ಕಾಫಿಹಣ್ಣಿನ ಸಿಪ್ಪೆ ತೆಗೆದ ಮೇಲೆ ಬೀಜದ ಲೋಳೆಯನ್ನು ಬಿಡಿಸಲು ಒಂದೆರಡು ದಿನ ತೊಟ್ಟಿಯಲ್ಲಿ ಹುದುಗಿಸುವುದಿಲ್ಲವೇ? ಮೊಸರು, ದೋಸೆಹಿಟ್ಟುಗಳಲ್ಲಿ ಹುದುಗಿಲ್ಲವೇ? ಉಂಟು. ಅದಕ್ಕಾಗಿಯೇ ಆಚಾರಶಾಸ್ತ್ರವು ಮೊಸರಿಗೂ ಹಿಟ್ಟಿಗೂ ಕಾಲಮರ್ಯಾದೆಯನ್ನು ವಿಧಿಸಿದೆ. ವ್ರತಿಕರು ಇನ್ನೂ ಕಟ್ಟುನಿಟ್ಟಾಗಿ ನಡೆಯುತ್ತಾರೆ. ಗೃಹಸ್ಥನ ಕೃಷಿಯಲ್ಲಿ ಆರಂಭಹಿಂಸೆ ಇದೆ ಎಂಬುದನ್ನು ಶಾಸ್ತ್ರವು ಮುಚ್ಚಿಡಲಿಲ್ಲ. ಅದನ್ನು ಕುಗ್ಗಿಸುತ್ತ ಹೋಗಬೇಕೆಂದಿತು. ಕಾಫಿಯ ತೊಟ್ಟಿಯಲ್ಲಿ ಲೋಳೆ ಹೋದರೆ ಕೆಲಸ ಮುಗಿಯಿತು; ಆ ರಸವನ್ನು ಯಾರೂ ಕುಡಿಯುವುದಿಲ್ಲ, ಕಾಫಿ ಕುಡಿದವನಿಗೆ ಅಮಲೂ ಇಲ್ಲ. ಬಿಯರಿನ ಪೀಪಾಯಿಯಲ್ಲಿ ಹುದುಗೇ ಗುರಿ, ಅಮಲೇ ಫಲ. ಕುಗ್ಗಿಸಲು ಯತ್ನಿಸುವ ಹಿಂಸೆಗೂ ಬೆಳೆಸಿ ಬೆಲೆಕಟ್ಟುವ ಹಿಂಸೆಗೂ ನಡುವೆ ಇರುವ ಅಂತರವನ್ನು ಅಳಿಸಿದರೆ ಶ್ರಾವಕಾಚಾರದಲ್ಲಿ ಉಳಿಯುವುದೇನೂ ಇಲ್ಲ.

ಈಗ ಮುಖ್ಯ ಪ್ರಶ್ನೆಗೆ ಬರಬೇಕು: ಕೆಲಸವನ್ನು ಐವರು ಹಂಚಿಕೊಂಡರೆ ಪಾಪವೂ ಐದು ಪಾಲಾಗುತ್ತದೆಯೇ?

ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಇದಕ್ಕೆ ಲೆಕ್ಕದ ಭಾಷೆಯಲ್ಲಿಯೇ ಉತ್ತರ ಕೊಡುತ್ತದೆ. ಸಂರಂಭ ಎಂದರೆ ಸಂಕಲ್ಪಿಸುವುದು. ಸಮಾರಂಭ ಎಂದರೆ ಸಾಧನಗಳನ್ನು ಕೂಡಿಸುವುದು. ಆರಂಭ ಎಂದರೆ ಕಾರ್ಯಕ್ಕೆ ತೊಡಗುವುದು. ಈ ಮೂರನ್ನು ಮನ, ವಚನ, ಕಾಯಗಳೆಂಬ ಮೂರರಿಂದ ಗುಣಿಸಬೇಕು. ಅದನ್ನು ಕೃತ, ಕಾರಿತ, ಅನುಮತ, ಅಂದರೆ ತಾನು ಮಾಡಿದ್ದು, ಮಾಡಿಸಿದ್ದು, ಒಪ್ಪಿದ್ದು ಎಂಬ ಮೂರರಿಂದ ಗುಣಿಸಬೇಕು. ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕು ಕಷಾಯಗಳಿಂದ ಮತ್ತೆ ಗುಣಿಸಿದರೆ 108. ಇಲ್ಲಿರುವುದೆಲ್ಲ ಗುಣಾಕಾರ, ಭಾಗಾಕಾರವು ಎಲ್ಲಿಯೂ ಇಲ್ಲ.

ಈ ಅಳತೆಗೋಲನ್ನು ಐವರ ಒಪ್ಪಂದದ ಮೇಲಿಟ್ಟು ನೋಡಬಹುದು. ಮೇಜಿನ ಸುತ್ತ ಕುಳಿತು ಪಾಕವನ್ನು ನಿಶ್ಚಯಿಸಿದುದು ಸಂರಂಭ. ಪೀಪಾಯಿ, ಬಾರ್ಲಿ, ಕಿತ್ತಳೆಗಳನ್ನು ಒಂದೆಡೆ ತಂದುದು ಸಮಾರಂಭ. ಯೀಸ್ಟು ಬಿಟ್ಟ ಕ್ಷಣ ಆರಂಭ. ಹಣ್ಣು ಕೊಟ್ಟ ತೋಟಗಾರನು ಮೊದಲೆರಡರಲ್ಲಿ ಸ್ವತಃ ಇದ್ದಾನೆ. ಮೂರನೆಯದನ್ನು ಮಾಡಿಸಿದವರಲ್ಲಿ ಒಬ್ಬನಾಗಿದ್ದಾನೆ. ಚೀಟಿಯ ಮೇಲಿನ ಹೆಸರಿನಿಂದ ಅನುಮತಿಯನ್ನು ಸಾರಿ ಹೇಳಿದ್ದಾನೆ. 'ಕೊಟ್ಟದ್ದು ಬರಿಯ ಹಣ್ಣು' ಎಂಬ ಸಮಾಧಾನಕ್ಕೆ ಈ ಲೆಕ್ಕದಲ್ಲಿ ಯಾವ ಕಲಮೂ ಇಲ್ಲ.

ಲೌಕಿಕ ಕಾನೂನು ಕೂಡ ಇದಕ್ಕಿಂತ ಭಿನ್ನವಾಗಿ ಹೇಳುವುದಿಲ್ಲ. 1932ರ ಭಾರತೀಯ ಪಾಲುದಾರಿಕೆ ಅಧಿನಿಯಮದ 25ನೆಯ ಕಲಮಿನ ಪ್ರಕಾರ, ಸಂಸ್ಥೆಯ ಕಾರ್ಯಗಳಿಗೆ ಪ್ರತಿಯೊಬ್ಬ ಪಾಲುದಾರನೂ ಇತರರೊಡನೆ ಜಂಟಿಯಾಗಿಯೂ, ಪ್ರತ್ಯೇಕವಾಗಿಯೂ ಹೊಣೆಗಾರ. ಲಾಭವನ್ನು ರೂಪಾಯಿಗೆ ನಾಲ್ಕಾಣೆಯಂತೆ ಹಂಚಿಕೊಳ್ಳಬಹುದು. ಸಾಲಗಾರನು ಬಾಗಿಲಿಗೆ ಬಂದಾಗ 'ತನ್ನದು ನಾಲ್ಕಾಣೆ ಮಾತ್ರ' ಎಂದು ಹೇಳುವಂತಿಲ್ಲ. ಪೂರ್ತಿ ರೂಪಾಯಿಯನ್ನು ಅವನಿಂದಲೇ ವಸೂಲು ಮಾಡಬಹುದು. ಮನುಷ್ಯ ಮಾಡಿದ ಕಾನೂನೇ ಇಷ್ಟು ನಿಷ್ಠುರವಾಗಿರುವಾಗ, ಕರ್ಮಸಿದ್ಧಾಂತವು ಪಾಲುಪತ್ರವನ್ನು ನೋಡಿ ರಿಯಾಯಿತಿ ಕೊಡುತ್ತದೆಂದು ನಂಬುವ ವರ್ತಕನು ಧರ್ಮವನ್ನೂ ಅರಿಯನು, ವ್ಯಾಪಾರವನ್ನೂ ಅರಿಯನು.

ವ್ಯಾಪಾರದ ವಿಷಯದಲ್ಲಿ ಶಾಸ್ತ್ರವು ಮೌನವಾಗಿಯೂ ಇಲ್ಲ. ಶ್ರಾವಕನು ಬಿಡಬೇಕಾದ 15 ಕರ್ಮಾದಾನಗಳಲ್ಲಿ ರಸವಾಣಿಜ್ಯ ಒಂದು. ಹೇಮಚಂದ್ರಾಚಾರ್ಯರ ಯೋಗಶಾಸ್ತ್ರವು ಮದ್ಯದ ಮಾರಾಟವನ್ನು ಅದರಲ್ಲಿ ಸೇರಿಸುತ್ತದೆ. ಹಾಗೆಂದು ಸಂತೆಯಲ್ಲಿ ಕಿತ್ತಳೆ ಮಾರಿದ ರೈತನನ್ನು ದೂಷಿಸುವುದು ನ್ಯಾಯವಲ್ಲ. ಕೊಂಡವನು ಅದನ್ನು ಮಗುವಿಗೆ ಕೊಟ್ಟನೋ, ಪೀಪಾಯಿಗೆ ಹಾಕಿದನೋ, ಮಾರಿದವನಿಗೆ ತಿಳಿಯದು. ತಿಳಿದು, ಒಪ್ಪಂದಕ್ಕೆ ಸಹಿಹಾಕಿ, ಆದಾಯದಲ್ಲಿ ಪಾಲು ಗೊತ್ತುಮಾಡಿಕೊಂಡವನ ಸ್ಥಿತಿ ಬೇರೆ. ಹಿಂಸೆಯ ತೂಕವನ್ನು ನಿಶ್ಚಯಿಸುವುದು ಭಾವ.

ಲೋಕೋಪಕಾರಕ್ಕಾಗಿ ನಡೆದರೆ? 2018ರಲ್ಲಿ ಕ್ಯಾಲಿಫೋರ್ನಿಯದ ಕಾಡ್ಗಿಚ್ಚಿನಲ್ಲಿ ನೊಂದವರಿಗಾಗಿ ಸಿಯೆರಾ ನೆವಾಡಾ ಸಂಸ್ಥೆಯ ಕರೆಯಂತೆ ಸುಮಾರು 1,400 ತಯಾರಕರು ಒಂದೇ ಪಾಕದ ಬಿಯರನ್ನು ಮಾಡಿ ಮಾರಾಟದ ಹಣವನ್ನು ಪರಿಹಾರಕ್ಕೆ ಮೀಸಲಿಟ್ಟರು. ನೊಂದವರ ಬಗೆಗಿನ ಆ ಅನುಕಂಪವು ನಿಜವಾದುದು, ಅದನ್ನು ಹಳಿಯಬೇಕಾಗಿಲ್ಲ. ಆದರೆ ಜೈನಗೃಹಸ್ಥನ ಗುಣಗಳಲ್ಲಿ ಮೊದಲನೆಯದು ನ್ಯಾಯೋಪಾತ್ತ ಧನ, ನ್ಯಾಯದಿಂದ ಗಳಿಸಿದ ದ್ರವ್ಯ. ದಾನದ ಯೋಗ್ಯತೆಯು ಕೊಡುವ ಕೈಯಿಂದಲ್ಲ, ಗಳಿಸಿದ ಕೈಯಿಂದ ಆರಂಭವಾಗುತ್ತದೆ. ಒಂದೆಡೆ ಬೆಂಕಿಯನ್ನು ಆರಿಸಲು ಇನ್ನೊಂದೆಡೆ ಮನೆಗಳಲ್ಲಿ ಕಿಡಿ ಹಚ್ಚುವುದು ಕರುಣೆಯ ಪೂರ್ಣರೂಪವಲ್ಲ.

'ಇದು ಸೌಮ್ಯ, ನೂರಕ್ಕೆ ಐದರಷ್ಟೇ ಮದ್ಯಸಾರ' ಎಂಬ ಮಾತೂ ಕೇಳಿಬರುತ್ತದೆ. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮದ್ಯಪಾನೀಯಗಳನ್ನು ಕ್ಯಾನ್ಸರ್‌ಕಾರಕಗಳ ಮೊದಲ ವರ್ಗದಲ್ಲಿ ಸೇರಿಸಿದ್ದು 1988ರಲ್ಲಿ. ಆರೋಗ್ಯಕ್ಕೆ ಹಾನಿಯಿಲ್ಲವೆನ್ನಬಹುದಾದ ಮದ್ಯದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಹೇಳಿತು. ಈ ಪ್ರಕಟಣೆಗಳಿಲ್ಲದೆಯೇ ಮೂಲಗುಣಗಳು ನಿಂತಿದ್ದವು; ಇವುಗಳಿಂದ ಸೌಮ್ಯತೆಯ ನೆಪವೂ ಬಿದ್ದುಹೋಯಿತು.

ಇನ್ನೊಂದು ನೋವಿನ ಸಂಗತಿಯಿದೆ. ಕಾಫಿ ತೋಟದ ಲೈನ್ ಮನೆಯಲ್ಲಿ ವಾರದ ಬಟವಾಡೆಯ ರಾತ್ರಿ ಕುಡಿದು ಬಿದ್ದ ಕೂಲಿಯವನನ್ನು ಮರುದಿನ ಗದರಿಸುವವನು ಅದೇ ತೋಟದ ಒಡೆಯ. ಕೂಲಿಯ ಹೆಂಡತಿ ಅಕ್ಕಿಗೆ ಮುಂಗಡ ಕೇಳಿ ಬಂದಾಗ 'ಗಂಡನಿಗೆ ಬುದ್ಧಿ ಹೇಳು' ಎನ್ನುವವನೂ ಅವನೇ. ಕರ್ನಾಟಕದಲ್ಲಿ ಬಡವನ ಸಾರಾಯಿ 2007ರ ಜುಲೈಯಲ್ಲಿ ನಿಷೇಧವಾಯಿತು. ಸಿರಿವಂತನ ಬಿಯರು ಕಲೆಯಾಯಿತು, ಅಭಿರುಚಿಯಾಯಿತು. ಒಡೆಯನ ಹೆಸರು ಓಕ್ ಪೀಪಾಯಿಯ ಬಿಯರಿನ ಮೇಲೆ ಅಚ್ಚಾದ ದಿನ ಅವನ ಬುದ್ಧಿಮಾತಿಗೆ ಲೈನ್ ಮನೆಯಲ್ಲಿ ಯಾವ ಬೆಲೆ ಉಳಿದೀತು? ಚಾರ್ಮಾಡಿ ಘಟ್ಟವನ್ನಿಳಿದರೆ ಸಿಗುವ ಧರ್ಮಸ್ಥಳದಿಂದ ಜನಜಾಗೃತಿ ವೇದಿಕೆಯು ಊರೂರುಗಳಲ್ಲಿ ಮದ್ಯವರ್ಜನ ಶಿಬಿರಗಳನ್ನು ನಡೆಸಿದೆ. ಜೈನಮನೆತನವೊಂದರ ಹೆಗ್ಗಡೆತನದಲ್ಲಿರುವ ಕ್ಷೇತ್ರವು ಕುಡಿತವನ್ನು ಬಿಡಿಸಲು ಶ್ರಮಿಸುತ್ತಿರುವಾಗ, ಘಟ್ಟದ ಮೇಲಿನ ಜೈನನು ಕುಡಿತಕ್ಕೆ ಹಣ್ಣು ಹೊಂದಿಸುವುದು ಸಮಾಜಕ್ಕೆ ಶೋಭಿಸುವುದೇ?

ಬಡತನವನ್ನು ನೆಪವಾಗಿ ಹೇಳುವ ಕಾಲವೂ ಇದಲ್ಲ. ಕಾಫಿಯ ಬೆಲೆ ಕುಸಿದ ವರ್ಷಗಳನ್ನು ಮಲೆನಾಡಿನ ಮನೆಗಳು ಮೂಲಗುಣಗಳನ್ನು ಬಿಡದೆಯೇ ದಾಟಿವೆ. 2025ರ ಆರಂಭದಲ್ಲಿ ಅದೇ ಕಾಫಿ ಹಿಂದೆಂದೂ ಇಲ್ಲದ ಬೆಲೆಯನ್ನು ಕಂಡಿತು. ಕೊರತೆಯಲ್ಲಿ ಉಳಿಸಿಕೊಂಡದ್ದನ್ನು ಸಮೃದ್ಧಿಯಲ್ಲಿ ಕಳೆದುಕೊಳ್ಳುವುದಕ್ಕೆ ಲೋಭವೆಂದೇ ಹೆಸರು.

ಈ ನೆಲವು ಸಾಮಾನ್ಯವಾದುದಲ್ಲ. ಮೂಡಿಗೆರೆ ತಾಲ್ಲೂಕಿನ ಅಂಗಡಿಯೇ ಹಿಂದಿನ ಸೊಸೆವೂರು; ಜೈನಮುನಿ ಸುದತ್ತರ ಮಾತಿನಿಂದ ಸಳನು ಹೊಯ್ಸಳನಾದನೆಂಬ ಐತಿಹ್ಯಕ್ಕೆ ನೆಲೆಯಾದ ಊರು. ಅಲ್ಲಿ ಪ್ರಾಚೀನ ಬಸದಿಗಳು ಇಂದಿಗೂ ಇವೆ. ಕಳಸವು ಜೈನ ಭೈರರಸರ ಸೀಮೆ. ಆ ವಂಶದ ವೀರಪಾಂಡ್ಯನು 1432ರಲ್ಲಿ ಕಾರ್ಕಳದಲ್ಲಿ ಬಾಹುಬಲಿಯನ್ನು ನಿಲ್ಲಿಸಿದನು. ಗೆದ್ದ ರಾಜ್ಯವನ್ನೇ ಬಿಟ್ಟುಕೊಟ್ಟ ಬಾಹುಬಲಿಗೆ ಕೈಮುಗಿಯುವ ಕುಲವು ಒಂದು ಪೀಪಾಯಿಯ ಪಾಲನ್ನು ಬಿಡಲಾರದೆ?

ಕರ್ತವ್ಯವು ಸ್ಪಷ್ಟವಾಗಿದೆ. ಮದ್ಯ ತಯಾರಕರೊಡನೆ ಬಂಡವಾಳದ ಪಾಲಾಗಲಿ, ಹಣ್ಣು ಅಥವಾ ಕಾಫಿಯ ಒಪ್ಪಂದವಾಗಲಿ ಶ್ರಾವಕನಿಗೆ ಸಲ್ಲದು. ಮನೆತನದ ಹೆಸರನ್ನಾಗಲಿ ತೋಟದ ಹೆಸರನ್ನಾಗಲಿ ಸೀಸೆಯ ಮೇಲೆ ಅಚ್ಚುಹಾಕಲು ಬಿಡಬಾರದು. ಬಸದಿಗಳ ಆಡಳಿತ ಮಂಡಳಿಗಳು ಅಭಿಷೇಕ, ಜೀರ್ಣೋದ್ಧಾರ, ಅನ್ನದಾನಗಳಿಗೆ ದ್ರವ್ಯವನ್ನು ಸ್ವೀಕರಿಸುವಾಗ ದೊಡ್ಡ ಮೊತ್ತವನ್ನು ನೋಡಿ ಮೂಲವನ್ನು ಕೇಳದೆ ಇರಬಾರದು. ಮಹಾಸಭೆಯಲ್ಲಿ ಒಂದು ನಿರ್ಣಯ, ರಸೀದಿ ಪುಸ್ತಕದಲ್ಲಿ ಒಂದು ಸಾಲು ಸಾಕು. ದಾನಿಯನ್ನು ಅವಮಾನಿಸಬೇಕಾಗಿಲ್ಲ, ಪಾಲನ್ನು ಬಿಟ್ಟು ಬಂದವನನ್ನು ಮೊದಲ ಸಾಲಿನಲ್ಲಿ ಕುಳ್ಳಿರಿಸಬೇಕು. ಪ್ರಾಯಶ್ಚಿತ್ತಕ್ಕೆ ಬಾಗಿಲು ಮುಚ್ಚಿದ ಧರ್ಮವಲ್ಲ ಇದು.

ಜಪಮಾಲೆಯ ಮಣಿಗಳು 108. ಆಸ್ರವದ ಬಾಗಿಲುಗಳೂ 108. ಪಾಲುಪತ್ರಕ್ಕೆ ಸಹಿ ಹಾಕುವ ಮುನ್ನ ಜೈನ ವರ್ತಕನು ಒಮ್ಮೆ ಆ ಮಾಲೆಯನ್ನು ಕೈಗೆ ತೆಗೆದುಕೊಂಡು ಒಂದೊಂದು ಮಣಿಯನ್ನೂ ಒಂದೊಂದು ಬಾಗಿಲೆಂದು ಎಣಿಸಲಿ. ಎಣಿಕೆ ಮುಗಿಯುವಷ್ಟರಲ್ಲಿ ಲೇಖನಿಯು ತಾನಾಗಿ ಕೆಳಗಿಳಿದೀತು.